ಬಿ.ಎಚ್. ರಸ್ತೆಯ ಗೆಳೆಯರು

ಹಾಸ್ಟೆಲಿನಲ್ಲಿ ನಮಗ್ಯಾರಿಗೂ ಸ್ವಂತ ಹೆಸರು ಅಂತ ಇರಲಿಲ್ಲ. ಊರಿನ ಹೆಸರೇ ಹೆಸರು. 2006ರಿಂದ 2010ರ ತನಕ ದಾವಣಗೆರೆಯಲ್ಲಿ ಬಿ.ಇ. ಓದುವಾಗ ನಮ್ಮ ರೂಮಿನಲ್ಲಿ ನಾಲ್ಕು ಜನ ಇದ್ದೆವು. ತಿಪಟೂರು, ಭದ್ರಾವತಿ, ಸಾಗರ ಮತ್ತೆ ಗುಬ್ಬಿ. ಗುಬ್ಬಿ ಅಂದ್ರೆ ನಾನು. ನಮ್ಮದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ. ಹಳ್ಳಿ ಹೆಸರು ಉದ್ದ ಆಯ್ತು ಅಂತ ಮೊದಲ ದಿನವೇ ತಾಲ್ಲೂಕಿನ ಹೆಸರು ಅಂಟಿಸಿಬಿಟ್ಟರು. ನಾನೂ ಆಗ ನೋಡೋಕೆ ಹಾಗೇ ಇದ್ದಿದ್ದರಿಂದ ಹೆಸರು ಗಟ್ಟಿಯಾಗಿ ನಿಂತಿತು. ಇವತ್ತಿಗೂ ನನ್ನ ಫೋನಿನಲ್ಲಿ ಅವರ ನಂಬರುಗಳು ಊರಿನ ಹೆಸರಲ್ಲೇ ಇವೆ. "ಭದ್ರಾವತಿ ಫೋನ್ ಮಾಡ್ತಿದೆ ನೋಡ್ರೀ" ಅಂತ ನನ್ನ ಹೆಂಡತಿ ಅಡುಗೆಮನೆಯಿಂದ ಕೂಗಿದರೆ ಹೊಸಬರಿಗೆ ಏನೂ ಅರ್ಥ ಆಗೋದಿಲ್ಲ.

ನಾಲ್ಕೂ ಜನ ಒಂದೇ ರಸ್ತೆಯವರು ಅಂತ ನಮಗೆ ಹೊಳೆದಿದ್ದು ಎಷ್ಟೋ ದಿನದ ಮೇಲೆ. ಗುಬ್ಬಿಯಿಂದ ಹೊರಟರೆ ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ. ಇದರಲ್ಲಿ ಎಷ್ಟೋ ಊರಿನ ಮುಖ್ಯ ಬೀದಿಗೆ ಒಂದೇ ಹೆಸರು, ಬಿ.ಎಚ್. ರಸ್ತೆ. ಚಿಕ್ಕವನಿದ್ದಾಗ ಬಿ.ಎಚ್. ಅಂದ್ರೆ ಯಾರೋ ದೊಡ್ಡ ಮನುಷ್ಯರ ಇನಿಷಿಯಲ್ ಅಂದ್ಕೊಂಡಿದ್ದೆ. ಅದು ಬರೀ ಬೆಂಗಳೂರು–ಹೊನ್ನಾವರ. ಈಗ ಹೆದ್ದಾರಿ ಅಗಲ ಆಗಿದೆ, ಊರು ತಪ್ಪಿಸೋ ಬೈಪಾಸ್‌ಗಳು ಬಂದಿವೆ. ಊರೊಳಗಿನವರು ಮಾತ್ರ ಈಗಲೂ ಬಿ.ಎಚ್. ರಸ್ತೆ ಅಂತಲೇ ಅನ್ನುತ್ತಾರೆ.

ಈ ಜನವರಿಯಲ್ಲಿ ಆ ರಸ್ತೆಯನ್ನು ಉದ್ದಕ್ಕೂ ಹಿಡಿದು ಹೋದೆವು. ಕಾರಣ ಸಾಗರದ ಅಪ್ಪಯ್ಯ. ಹಾಸ್ಟೆಲಿನ ರಜೆಗಳಲ್ಲಿ ನಾನು ನಮ್ಮೂರಿಗಿಂತ ಹೆಚ್ಚು ಇದ್ದದ್ದು ಅವರ ಮನೆಯಲ್ಲಿ. ಅವರು ನನ್ನನ್ನು ಗುಬ್ಬಿ ಅಂತಲೂ ಕರೀತಿರಲಿಲ್ಲ. "ಬಾ ಬಯಲುಸೀಮೆ, ನೀರು ಕಂಡಿದ್ಯೇನೋ ಈ ವರ್ಷ?" ಅನ್ನೋರು. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಆಯಿತು. ಬಲಗೈ ಅರ್ಧ ವಾಪಸ್ ಬಂತು, ಮಾತು ಬರಲಿಲ್ಲ. ಗೆಳೆಯ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಹೋಗಿ ತೋಟಕ್ಕೆ ಇಳಿದ. ನಾವು ನಾಲ್ವರು ಒಟ್ಟಿಗೆ ಕಡೇ ಸಲ ಸೇರಿದ್ದು ನನ್ನ ಮದುವೆಯಲ್ಲಿ.

ಹೋಗ್ತೀವಿ ಅಂದಾಗ ಎಲ್ಲರದ್ದೂ ಒಂದೇ ಮಾತು. "ಸುಮಾರು 370 ಕಿಲೋಮೀಟರ್ ಕಣಯ್ಯ. ಮಗು ಸ್ವಲ್ಪ ದೊಡ್ಡದಾಗಲಿ." ನಮ್ಮ ಪುಟ್ಟಿಗೆ ಎರಡು ವರ್ಷ ಮೂರು ತಿಂಗಳು. ಆ ವಯಸ್ಸಿನ ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ, ಅರ್ಧ ಗಂಟೆ ಒಂದು ಕಡೆ ಕೂರಿಸೋದೇ ಒಂದು ಪ್ರಾಜೆಕ್ಟು. ಆಗ ನನ್ನ ಹೆಂಡತಿ ಒಂದು ಲೆಕ್ಕ ಹೇಳಿದಳು. "ಮಗು ದೊಡ್ಡದಾಗುತ್ತೆ, ಸರಿ. ಆ ಕಡೆ ಅವರಿಗೂ ವಯಸ್ಸಾಗುತ್ತಲ್ಲ?" ಅವಳು ಅಪ್ಪಯ್ಯನನ್ನು ಒಂದು ಸಲವೂ ನೋಡಿದವಳಲ್ಲ. ಅಲ್ಲಿಗೆ ಮಾತು ಮುಗೀತು.

ಮೊದಲ ಜಗಳ ಕಾರಿನ ಮಗು ಸೀಟಿಗೆ. "ಮಗೂನ ಕುರ್ಚಿಗೆ ಕಟ್ಟಿ ಹಾಕ್ತೀರಾ? ತೊಡೆ ಮೇಲೆ ಕೂರಿಸ್ಕೊಂಡ್ರೆ ಆಗಲ್ವಾ?" ಅಂತ ಅಮ್ಮ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಹದಿನಾಲ್ಕರ ಒಳಗಿನ ಮಕ್ಕಳನ್ನು ಬೆಲ್ಟಿನಲ್ಲೋ ಮಗು ಸೀಟಿನಲ್ಲೋ ಕೂರಿಸದಿದ್ದರೆ 1000 ರೂಪಾಯಿ ದಂಡ ಇದೆ. ಅದನ್ನು ಹೇಳಿದೆ, ಕೇಳಲಿಲ್ಲ. ಗಾಡಿ ಗಕ್ಕನೆ ನಿಂತರೆ ತೊಡೆ ಮೇಲಿನ ಮಗುವನ್ನು ಯಾರ ಕೈಯೂ ಹಿಡಿದು ನಿಲ್ಲಿಸೋಕೆ ಆಗಲ್ಲಮ್ಮ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಒಂದು ಮೆತ್ತನೆ ಬಟ್ಟೆ ಹಾಕು ಅಡೀಗೆ" ಅಂದರು. ಮಗನ ಮನೆ ಅಂದ್ರೆ ಅಷ್ಟು ಒಪ್ಪಿಗೆ ಸಾಕು.

ಬೆಳಗಿನ ಐದಕ್ಕೆ, ಅವಳು ನಿದ್ದೆಯಲ್ಲಿರುವಾಗಲೇ ಹೊರಟೆವು. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅಂಗಡಿ ಮುಂದೆ ಕಣ್ಣು ಬಿಟ್ಟಳು. ಒಂದು ಇಡ್ಲಿ ಅವಳ ಮುಖಕ್ಕಿಂತ ದೊಡ್ಡದು. ತಿಂದದ್ದು ಕಾಲು ಭಾಗ, ಉಳಿದದ್ದು ಮೈಗೆ. ಗುಬ್ಬಿ ಬಂದಾಗ, "ಇದೇ ಅಪ್ಪನ ಊರು, ನನ್ನ ಫ್ರೆಂಡ್ಸೆಲ್ಲಾ ನನಗೆ ಗುಬ್ಬಿ ಅಂತಾರೆ" ಅಂದೆ. ಅವಳಿಗೆ ಗೊತ್ತಿರೋದು ಪುಸ್ತಕದ ಗುಬ್ಬಿ. "ಅಪ್ಪ ಗುಬ್ಬೀನಾ? ರೆಕ್ಕೆ ಎಲ್ಲಿ?" ಅಂತ ನಿಟ್ಟೂರು ದಾಟುವ ತನಕ ಕೇಳಿದಳು. ಅಮ್ಮ ಬೆಂಗಳೂರಲ್ಲಿ ನಮ್ಮ ಜೊತೆಗೇ ಇರೋದರಿಂದ ಈ ಸಲ ಹಳ್ಳಿಗೆ ತಿರುಗಿಸಲಿಲ್ಲ.

ತಿಪಟೂರಿನವನದು ಈಗ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಎರಡು ಗಂಟೆ ಅಂತ ಇಳಿದವರು ಊಟ ಮುಗಿಸಿ ಎದ್ದಾಗ ನಾಲ್ಕು ಗಂಟೆ ಕಳೆದಿತ್ತು. ನಮ್ಮ ಸೀಮೆಯ ಉಂಡೆ ಕೊಬ್ಬರಿ ಆಗೋದಕ್ಕೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು, ಹನ್ನೊಂದು ತಿಂಗಳು ಸುಮ್ಮನೆ ಇರಬೇಕು. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಬಿಡಿಯಾದಾಗ ಅಲ್ಲಾಡಿಸಿದರೆ ಗಡಗಡ ಅನ್ನುತ್ತೆ. ಪುಟ್ಟಿಗೆ ಅದೇ ಗಿಲಕಿ. ಅವನು ಒಂದೊಂದೇ ಕಾಯಿ ಅವಳ ಕಿವಿ ಹತ್ತಿರ ಅಲ್ಲಾಡಿಸೋದು, ಅವಳು "ಇದು ಆಯ್ತು, ಇದು ಆಗಿಲ್ಲ" ಅಂತ ತೀರ್ಪು ಕೊಡೋದು. ನಾನೂ ಅವನೂ ಆಡಿದ ಮಾತು ಇಡೀ ಹೊತ್ತಿಗೆ ಇಪ್ಪತ್ತು ವಾಕ್ಯ ಇರಬಹುದು, ಅದೂ ತುಂಡು ತುಂಡಾಗಿ. ಹಾಸ್ಟೆಲಿನಲ್ಲಿ ರಾತ್ರಿ ಎರಡರ ತನಕ ಏನೂ ಇಲ್ಲದ್ದಕ್ಕೆ ಮಾತಾಡ್ತಿದ್ದೋರು ನಾವು. ಹೊರಡುವಾಗ ಒಂದು ಚೀಲ ಕೊಬ್ಬರಿ ಡಿಕ್ಕಿಗೆ ಹಾಕಿ, "ಮಾರ್ಕೆಟ್ಟು ಇದೆ ಮಗಾ, ನಾನು ಬರಕ್ಕಾಗಲ್ಲ. ಇದನ್ನ ಅಪ್ಪಯ್ಯಂಗೆ ಕೊಡು" ಅಂದ.

ಅಲ್ಲಿಂದ ಮುಂದೆ ಗಾಡಿ ಓಡಿಸಿದ್ದು ನಾನಾದರೂ ಟೈಮ್‌ಟೇಬಲ್ ಪುಟ್ಟಿಯದು. ಒಂದೂವರೆ ಗಂಟೆಗೊಮ್ಮೆ ಇಳೀಲೇಬೇಕು. ಅರಸೀಕೆರೆಯಲ್ಲಿ 1220ರ ಹೊಯ್ಸಳರ ಈಶ್ವರ ದೇವಸ್ಥಾನ ಇದೆ, ಮುಂದೆ ನಕ್ಷತ್ರದ ಆಕಾರದ ತೆರೆದ ಮಂಟಪ. ಈ ರಸ್ತೆಯಲ್ಲಿ ನೂರು ಸಲ ಓಡಾಡಿದ್ದರೂ ನಾನು ಅದನ್ನು ನೋಡಿದ್ದು ಈಗಲೇ, ಮಗುವಿಗೆ ಓಡೋಕೆ ಜಾಗ ಹುಡುಕುವಾಗ. ಕಡೂರಿನ ಹತ್ತಿರ ತಿಂದ ಬಾಳೆಹಣ್ಣು ವಾಪಸ್ ಬಂತು. ಕಿವಿಯ ಒಳಗಿನ ಸಮತೋಲ ಮೈ ಅಲ್ಲಾಡ್ತಿದೆ ಅನ್ನುತ್ತೆ, ಕಣ್ಣು ಮಾತ್ರ ಮುಂದಿರುವ ಸೀಟು ನೋಡಿ ಇಲ್ಲ ಅನ್ನುತ್ತೆ. ಆ ಜಗಳವೇ ವಾಂತಿ. ಹಾಗಾಗಿ ಫೋನಿನಲ್ಲಿ ಹಾಡು ತೋರಿಸೋದು ಬಂದ್. ಕಿಟಕಿ ಹೊರಗೆ ದೂರ ನೋಡಬೇಕು, ಎಮ್ಮೆ ಎಣಿಸಬೇಕು. ಅವಳ ಎಣಿಕೆ ಒಂದು, ಎರಡು, ಐದು, ಹತ್ತು. ಮೂರು, ನಾಲ್ಕು ಅವಳ ಊರಲ್ಲಿ ಇಲ್ಲ.

ರಾತ್ರಿ ಭದ್ರಾವತಿ. ಅವನ ತಂದೆ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. 1923ರಲ್ಲಿ ವಿಶ್ವೇಶ್ವರಯ್ಯನವರ ಕಾಲದ ಕುಲುಮೆ ಹೊತ್ತಿದ ಮೇಲೆ ಬೆಳೆದ ಊರು ಅದು. ಮಗ ಈಗ ಅದೇ ಮನೆಯ ಮಹಡಿಯಲ್ಲಿ ಕೂತು ಅಮೆರಿಕದ ಕಂಪನಿಗೆ ರಾತ್ರಿ ಕೆಲಸ ಮಾಡ್ತಾನೆ. ಪುಟ್ಟಿ ಮಲಗಿದಾಗ ಒಂಬತ್ತೂವರೆ, ಅವನ ಮೀಟಿಂಗು ಹತ್ತಕ್ಕೆ. ನಮಗೆ ಸಿಕ್ಕಿದ್ದು ಅರ್ಧ ಗಂಟೆ. ಅದರಲ್ಲಿ ಅವನು ಹೇಳಿದ ಮುಖ್ಯ ಮಾತು ಇಷ್ಟೇ. "ಸಾಗರ ಇಲ್ಲಿಂದ ತೊಂಬತ್ತು ಕಿಲೋಮೀಟರ್ ಕಣೋ. ಹೋಗಿ ಏನು ಮಾತಾಡೋದು ಅಂತಲೇ ಗೊತ್ತಾಗ್ತಿರಲಿಲ್ಲ. ನೀನು ಹೋಗ್ತೀಯಲ್ಲ, ನಾನೂ ಬರ್ತೀನಿ." ಬೆಳಿಗ್ಗೆ ಕೆಂಪು ಕಣ್ಣು ಉಜ್ಜಿಕೊಂಡು ಹಿಂದಿನ ಸೀಟಿನಲ್ಲಿ ಪುಟ್ಟಿಯ ಪಕ್ಕ ಕೂತ.

ಶಿವಮೊಗ್ಗ ದಾಟಿ, ತ್ಯಾವರೆಕೊಪ್ಪದ ಹುಲಿ ಸಿಂಹಗಳನ್ನು ಬೇಲಿಯ ಆಚೆಗೇ ಬಿಟ್ಟು, ಆಯನೂರು, ಆನಂದಪುರ ದಾಟಿದರೆ ರಸ್ತೆಯ ಎರಡೂ ಕಡೆ ಹಸಿರು ದಟ್ಟ ಆಗುತ್ತೆ. ಸಾಗರದಿಂದ ಒಳಗೆ ಹೋಗುವ ಮಣ್ಣು ರಸ್ತೆಯಲ್ಲಿ ಅವನು ನಿಂತಿದ್ದ. ಗಡ್ಡ ನೆರೆತಿತ್ತು. "ಬಂದ್ರಾ ಮಾರಾಯ" ಅಂದ, ಅಷ್ಟೇ.

ಕೊಯ್ಲಿನ ಕೊನೆಯ ದಿನಗಳು. ಅಂಗಳದ ತುಂಬ ಬೇಯಿಸಿದ ಅಡಿಕೆ ಕೆಂಪಗೆ ಒಣಗ್ತಿತ್ತು. ಅಡಿಕೆ ಸರಿಯಾಗಿ ಮಗುವಿನ ಗಂಟಲಿಗೆ ಸಿಗೋ ಅಳತೆ, ಹಾಗಾಗಿ ಒಬ್ಬರಲ್ಲ ಒಬ್ಬರು ಅವಳ ಹಿಂದೆ. ಅಪ್ಪಯ್ಯ ಜಗಲಿಯ ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿ ಬಾಯಿ ತೆರೆದರು. ಪದ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನ ಮಾಡಿದರು. ನನಗೆ ಕಾಲಿನ ಕೆಳಗೆ ನೋಡುವ ಹಾಗಾಯ್ತು. ಕೊಬ್ಬರಿ ಚೀಲ ಅವರ ಮುಂದೆ ಬಿಚ್ಚಿದೆ. ಎಡಗೈಯಲ್ಲಿ ಒಂದು ಕೊಬ್ಬರಿ ತಗೊಂಡು, ಮೇಲೆತ್ತಿ, ನನ್ನ ಕಡೆ ತೋರಿಸಿ ನಕ್ಕರು. ಬಯಲುಸೀಮೆ ಅಂತ ಅರ್ಥ. ಹೇಳಿಬಿಟ್ಟರು.

ಮಿದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದಾಗ ಹೀಗೆ ಮಾತು ಹೋಗೋದಕ್ಕೆ ಅಫೇಸಿಯಾ ಅಂತಾರೆ. ಅವರ ಬುದ್ಧಿ ಎಲ್ಲೂ ಹೋಗಿಲ್ಲ, ಪದ ಮಾತ್ರ ಕೈಗೆ ಸಿಗಲ್ಲ. ಆದರೆ ಬಾಯಿಪಾಠವಾಗಿದ್ದು, ಎಣಿಕೆ, ವಾರಗಳ ಹೆಸರು, ಸ್ತೋತ್ರ, ಎಷ್ಟೋ ಜನರಲ್ಲಿ ಉಳಿದುಕೊಂಡಿರುತ್ತೆ. ಮೈಸೂರಿನಲ್ಲಿ 1965ರಿಂದ ಮಾತು ಮತ್ತು ಕಿವಿಯ ತೊಂದರೆಗಳಿಗೆ ಅಂತಲೇ ಕೇಂದ್ರ ಸರ್ಕಾರದ ಸಂಸ್ಥೆ ಇದೆ, ಇಂಥವರಿಗೆ ಅಭ್ಯಾಸ ಮಾಡಿಸ್ತಾರೆ. ಇದೆಲ್ಲ ಗೆಳೆಯ ಹೇಳ್ತಾ ಇದ್ದ. ಅಷ್ಟರಲ್ಲಿ ಪುಟ್ಟಿ ಜಗಲಿ ಹತ್ತಿ ಅಪ್ಪಯ್ಯನ ಮುಂದೆ ಕೊಬ್ಬರಿಗಳನ್ನು ಸಾಲಾಗಿ ಇಟ್ಟಳು.

"ತಾತಾ, ಒಂದು, ಎರಡು, ಐದು..."

ಅಪ್ಪಯ್ಯ ಕೈ ಅಡ್ಡ ಹಿಡಿದರು. "ಮೂರು" ಅಂದರು. ಸ್ಪಷ್ಟವಾಗಿ. "ನಾಲ್ಕು. ಐದು. ಆರು." ಹತ್ತರ ತನಕ ಎಲ್ಲೂ ತಡವರಿಸಲಿಲ್ಲ. ಇಡೀ ಜೀವಮಾನ ಅಡಿಕೆ ಗೊನೆ ಎಣಿಸಿದ ದನಿ ಅದು. ಪುಟ್ಟಿಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ. ಮತ್ತೆ ಮೊದಲಿಂದ ಶುರು ಮಾಡಿದಳು, ಮತ್ತೆ ಐದಕ್ಕೆ ಹಾರಿದಳು, ಅವರು ಮತ್ತೆ ಹಿಡಿದರು. ಹೀಗೇ ಮುಕ್ಕಾಲು ಗಂಟೆ.

ಎಣಿಸೋದು ಬರುತ್ತೆ ಅಂತ ಮನೆಯವರಿಗೆ ಮೊದಲೇ ಗೊತ್ತಿತ್ತು, ಪವಾಡ ಏನಲ್ಲ. ನಾನು ಗಮನಿಸಿದ್ದು ಬೇರೆ. ಅಪ್ಪಯ್ಯ ಒಂದು ಪದಕ್ಕೆ ತಡಕಾಡಿದರೆ ನಾವೆಲ್ಲ ಪ್ರೀತಿಯಿಂದಲೇ ಮುಂದೆ ಬಿದ್ದು, "ನೀರಾ? ಎಲೆಅಡಿಕೆಯಾ?" ಅಂತ ಪದ ತುಂಬ್ತಿದ್ದೆವು. ಅವರು ಸೋತು ತಲೆ ಆಡಿಸೋರು. ಪುಟ್ಟಿ ತುಂಬಲ್ಲ. ಅವಳ ಹತ್ತಿರವೇ ಪದ ಕಡಿಮೆ. ಸಿಗದಿದ್ದರೆ ಬೆರಳು ತೋರಿಸ್ತಾಳೆ, ಅವರೂ ತೋರಿಸ್ತಾರೆ. ಇಬ್ಬರಿಗೂ ಅವಸರ ಇಲ್ಲ, ನಾಚಿಕೆ ಇಲ್ಲ. "ಹೋಗಿ ಏನು ಮಾತಾಡೋದು" ಅಂತಿದ್ದ ಭದ್ರಾವತಿ ಕಂಬಕ್ಕೆ ಒರಗಿ ಅದನ್ನೇ ನೋಡ್ತಿದ್ದ. ಸಂಜೆ ಹೊತ್ತಿಗೆ ಅವನೂ ಕೆಳಗೆ ಕೂತು ಕೊಬ್ಬರಿ ಜೋಡಿಸ್ತಿದ್ದ.

ಮಾರನೇ ದಿನ ಬೆಳಿಗ್ಗೆ ಅಮ್ಮ ತೆಳ್ಳೇವು ಹುಯ್ದು ಜೋನಿ ಬೆಲ್ಲದ ಜೊತೆ ಪುಟ್ಟಿಗೆ ತಿನ್ನಿಸುವಾಗ ಸಾಗರ ನನ್ನನ್ನು ತೋಟಕ್ಕೆ ಕರ್ಕೊಂಡು ಹೋದ. ಕಾಲುವೆ ದಾಟುವಾಗ ಹೇಳಿದ. "ಕೆಲಸ ಬಿಟ್ಟಿದ್ದಕ್ಕೆ ಬೇಜಾರಿಲ್ಲ ಮಾರಾಯ. ಫೋನ್ ಮಾಡಿದವರೆಲ್ಲ ಅಪ್ಪಯ್ಯ ಹೇಗಿದ್ದಾರೆ ಅಂತ ಕೇಳ್ತಾರೆ. ಬರ್ತೀನಿ ಅಂತಾರೆ. ಮನೇಲಿ ಕಾಯಿಲೆ ಇದೆ, ತೊಂದರೆ ಕೊಡಬಾರದು ಅಂತ ಬರಲ್ಲ. ನೀವು ಗಲಾಟೆ ಮಾಡ್ಕೊಂಡು ಬಂದ್ರಲ್ಲ, ಅದು ಒಳ್ಳೇದಾಯ್ತು." ನಾನು ಏನೋ ಹೇಳೋಕೆ ಹೊರಟೆ. ಮನೆ ಕಡೆಯಿಂದ "ಅಪ್ಪಾ, ಉಚ್ಚೆ!" ಅಂತ ಕೂಗು ಬಂತು. ಇಬ್ಬರೂ ಓಡಿದೆವು.

ಬಾಲ್ಯದ, ಹಾಸ್ಟೆಲಿನ ಗೆಳೆತನಕ್ಕೆ ಉದ್ದ ರಾತ್ರಿಗಳು ಬೇಕು, ನಿಧಾನವಾಗಿ ಕೂತು ಮಾತಾಡೋ ಕಾಲ ಬರುತ್ತೆ, ಆಗ ಹೋಗೋಣ ಅಂತ ನಮ್ಮ ವಯಸ್ಸಿನ ಎಲ್ಲರೂ ಅಂದುಕೊಳ್ತೀವಿ. ಆ ಕಾಲ ಬರೋ ಹೊತ್ತಿಗೆ ಜಗಲಿಯ ಕುರ್ಚಿ ಖಾಲಿ ಇರಬಹುದು. ಮಗು ಚಿಕ್ಕದಿದ್ದಾಗಲೇ ಹೊರಡಿ. ಒಂದು ದಿನದ ದಾರಿಗೆ ಎರಡು ದಿನ ಹಿಡೀಲಿ. ಎರಡು ಜೊತೆ ಬಟ್ಟೆ ಹೆಚ್ಚಿಗೆ ಇಟ್ಕೊಳ್ಳಿ, ಓಆರ್‌ಎಸ್ ಪೊಟ್ಟಣ ಇರಲಿ. ಮಾತು ಅರ್ಧಕ್ಕೇ ನಿಲ್ಲುತ್ತೆ, ನಿಲ್ಲಲಿ. ಮಾತೇ ಸಿಗದ ಮನೆಗೆ ಮಗು ಒಂದು ಕೆಲಸ ಹಿಡ್ಕೊಂಡು ಹೋಗುತ್ತೆ.

ಪುಟ್ಟಿ ಈಗಲೂ ಎರಡಾದ ಮೇಲೆ ಐದು ಅಂತಲೇ ಎಣಿಸ್ತಾಳೆ. ನಾವು ತಿದ್ದೋಕೆ ಹೋಗಿಲ್ಲ. ಭಾನುವಾರ ಸಂಜೆ ವಿಡಿಯೋ ಕಾಲ್ ಇರುತ್ತೆ. ಆ ಕಡೆ ತಿದ್ದೋರು ಇದ್ದಾರೆ.