ಹೈ ಸ್ಟ್ರೀಟಿನ ಬಿಳಿ ಮನೆ

2023ರಲ್ಲಿ ಒಂದು ದಿನ ನಮ್ಮ ಮೂವರ ಮೊಬೈಲಿಗೂ ಒಂದೇ ಚಿತ್ರ ಬಂತು. ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ ಪಟ್ಟಣದಲ್ಲಿ, ಹೈ ಸ್ಟ್ರೀಟ್ ಎಂಬ ಬೀದಿಯಲ್ಲಿರುವ ಒಂದು ಬಿಳಿ ಮನೆಯ ಚಿತ್ರ. ಕಳಿಸಿದವನು ಹಾಸನದ ಗೆಳೆಯ. ಕೆಳಗೆ ಬರೆದಿದ್ದು ಇಷ್ಟೇ: "ಮನೆ ಉಳೀತು ಕಣ್ರೋ."

ಆ ಮನೆಯಲ್ಲಿ ನಾವ್ಯಾರೂ ವಾಸವಾಗಿದ್ದವರಲ್ಲ. 'ಅಮೆರಿಕನ್ ಫುಟ್‌ಬಾಲ್' ಎಂಬ ಬ್ಯಾಂಡು 1999ರಲ್ಲಿ ಹೊರತಂದ ಮೊದಲ ಆಲ್ಬಮ್ಮಿನ ಹೊದಿಕೆಯ ಮೇಲೆ ಅಚ್ಚಾದ ಮನೆ ಅದು. ರಾತ್ರಿ, ಮೇಲಂತಸ್ತಿನ ಕಿಟಕಿಯಲ್ಲಿ ಬೆಳಕು, ಅಷ್ಟೇ ಚಿತ್ರ. 2023ರಲ್ಲಿ ಬ್ಯಾಂಡಿನವರು, ಅವರ ಆಲ್ಬಮ್ ಹೊರತಂದ ಪಾಲಿವಿನೈಲ್ ಕಂಪನಿ, ಆ ಚಿತ್ರ ತೆಗೆದ ಛಾಯಾಗ್ರಾಹಕ ಮೊದಲಾದವರು ಸೇರಿ ಮನೆಯನ್ನೇ ಕೊಂಡುಕೊಂಡರು. ಬೇರೆಯವರ ಕೈಗೆ ಹೋಗಿ ಕೆಡವಿಬಿಟ್ಟಾರೆಂಬ ಭಯ.

ಒಂದು ಕಾಲದಲ್ಲಿ ಇಂಥದ್ದನ್ನೆಲ್ಲ ಕಂಡು ನಗುತ್ತಿದ್ದವರು ನಾವೇ. 2013ರಲ್ಲಿ ಓದಲೆಂದು ಆ ಊರಿಗೆ ಹೋಗಿದ್ದ ನಾಲ್ವರು ಒಂದೇ ಬಾಡಿಗೆ ಮನೆಯಲ್ಲಿದ್ದೆವು. ನಾವು ಮೂವರು ಭಟ್ಕಳ, ದಾವಣಗೆರೆ, ಮೈಸೂರಿನವರು. ನಾಲ್ಕನೆಯವನು ಹಾಸನದ ಹತ್ತಿರದ ಹಳ್ಳಿಯ ಆಲೂಗಡ್ಡೆ ಬೆಳೆಗಾರರ ಮಗ. ಊರು ದಾಟಿದರೆ ಕಣ್ಣು ಹಾಯುವಷ್ಟು ದೂರ ಮುಸುಕಿನ ಜೋಳದ ಹೊಲ. ಅವನಿಗೆ ಆ ಹೊಲಗಳು ಹಿಡಿಸಿದವು. ಆಮೇಲೆ ಆ ಬ್ಯಾಂಡು ಹಿಡಿಸಿತು.

ಈ ಬಗೆಯ ಸಂಗೀತಕ್ಕೆ 'ಎಮೋ' ಎನ್ನುತ್ತಾರೆ. 1980ರ ದಶಕದ ನಡುವಿನಲ್ಲಿ ವಾಷಿಂಗ್ಟನ್ ನಗರದ ಪಂಕ್ ಹುಡುಗರು ಸರ್ಕಾರವನ್ನೂ ಸಮಾಜವನ್ನೂ ಬೈಯುವುದರ ಜೊತೆಗೆ ತಮ್ಮ ಒಳಗಿನ ಸಂಕಟವನ್ನೂ ಕೂಗಿ ಹೇಳತೊಡಗಿದಾಗ ಹುಟ್ಟಿದ ಹೆಸರು ಅದು. ಹಾಗೆ ಕರೆಸಿಕೊಂಡವರಿಗೇ ಆ ಹೆಸರು ಹಿಡಿಸಲಿಲ್ಲ. ತೊಂಬತ್ತರ ದಶಕದಲ್ಲಿ ಅದು ನಡು ಅಮೆರಿಕದ ಕಾಲೇಜು ಊರುಗಳಿಗೆ ಬಂದು ಸ್ವಲ್ಪ ಮೆತ್ತಗಾಯಿತು. 'ಅಮೆರಿಕನ್ ಫುಟ್‌ಬಾಲ್' ನಮ್ಮದೇ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳ ಬ್ಯಾಂಡು. ಒಂದು ಆಲ್ಬಮ್ ಮಾಡಿ, ಓದು ಮುಗಿದ ಮೇಲೆ ಚದುರಿಹೋದರು. ಆಗ ಹೆಚ್ಚು ಜನ ಗಮನಿಸಲಿಲ್ಲ. ಅವರು ಇಲ್ಲದ ವರ್ಷಗಳಲ್ಲಿಯೇ ಆ ಹಾಡುಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಹೋದವು.

"ಇವರಿಗೇನು ಬರಗಾಲವಾ, ಸಾಲವಾ? ಬೇಸಿಗೆ ಮುಗಿಯಿತೆಂದು ಅಳ್ತಾರಲ್ಲ ಮಾರಾಯ" ಎಂದು ಭಟ್ಕಳದವನು ಅಣಕಿಸುತ್ತಿದ್ದ. ನಾವೂ ದನಿಗೂಡಿಸುತ್ತಿದ್ದೆವು. ಹಾಸನದವನು ಉತ್ತರ ಕೊಡದೆ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಳ್ಳುತ್ತಿದ್ದ.

2014ರ ಏಪ್ರಿಲ್ ಕೊನೆಯಲ್ಲಿ ಅವನ ತಂದೆ ತೀರಿಕೊಂಡರು. ಫೋನು ಬಂದಾಗ ನಡುರಾತ್ರಿ. ಪರೀಕ್ಷೆಗೆ ಎರಡು ವಾರವೂ ಇರಲಿಲ್ಲ. ಟಿಕೆಟ್ಟಿಗೆ ದುಡ್ಡು ಬೇಕೆಂದರೆ ಬ್ಯಾಂಕಿನ ಸಾಲದ ಹಣವನ್ನೇ ಮುಟ್ಟಬೇಕು. ಎಷ್ಟು ಬೇಗ ಹೊರಟರೂ ಎರಡು ದಿನದ ದಾರಿ. "ಮಣ್ಣಿಗೂ ಸಿಗಲ್ಲ ಕಣೋ, ಹೋಗಿ ಏನು ಮಾಡ್ತೀಯ? ಪರೀಕ್ಷೆ ಮುಗಿಸಿಕೊಂಡು ಹೋಗು" ಎಂದು ಹೇಳಿದವರು ನಾವು. ಲೆಕ್ಕ ಸರಿಯಾಗಿಯೇ ಇತ್ತು. ಅವನು ತಲೆಯಾಡಿಸಿದ. ಅಳಲಿಲ್ಲ. ಪರೀಕ್ಷೆ ಬರೆದ, ಒಳ್ಳೆಯ ಅಂಕ ಬಂತು. ಬೇಸಿಗೆಯ ಕೆಲಸವೊಂದು ಸಿಕ್ಕಿತು, ಆಗಲೂ ಊರಿಗೆ ಹೋಗಲಿಲ್ಲ. ತಂದೆಯ ಮಾತು ನಾವೂ ಎತ್ತಲಿಲ್ಲ. ಎತ್ತಿದರೆ ನಾವು ಕೊಟ್ಟ ಸಲಹೆಯ ಮಾತೂ ಬಂದೀತೆಂಬ ಅಳುಕು ಎಂದು ಈಗ ಒಪ್ಪಿಕೊಳ್ಳಬಹುದು.

ಆ ವರ್ಷದ ಸೆಪ್ಟೆಂಬರಿನಲ್ಲಿ ಊರಿನ ಪಿಗ್ಮೇಲಿಯನ್ ಸಂಗೀತೋತ್ಸವಕ್ಕೆ ಬ್ಯಾಂಡು ಮರಳಿ ಕೂಡುತ್ತದೆಂಬ ಸುದ್ದಿ ಬಂತು. ಅವನು ನಾಲ್ಕು ಟಿಕೆಟ್ ತಂದ, ನಮ್ಮನ್ನು ಕೇಳದೆಯೇ. ಬೇಡವೆನ್ನಲು ಬಾಯಿ ಬರಲಿಲ್ಲ.

ಎಲ್ಲರೂ ನಿಂತೇ ಕೇಳಬೇಕು. ಒಂದು ಕಡೆ ಟೀ ಶರ್ಟಿನ ವ್ಯಾಪಾರ. ದುಃಖಕ್ಕೂ ಸೈಜು ಕೇಳುತ್ತಾರಲ್ಲ ಎಂದು ನಮ್ಮಲ್ಲೊಬ್ಬ ಗೊಣಗಿದ. ನೆರೆದವರಲ್ಲಿ ಮೂವತ್ತು ದಾಟಿದವರೂ ಇದ್ದರು, ಆಲ್ಬಮ್ ಬಂದಾಗ ಇನ್ನೂ ತೊದಲುತ್ತಿದ್ದ ಮಕ್ಕಳೂ ಇದ್ದರು. ವೇದಿಕೆಗೆ ಬಂದವರು ನಕ್ಷತ್ರಗಳಂತೆ ಕಾಣಲಿಲ್ಲ. ಹಾಡುವ ಮೈಕ್ ಕಿನ್ಸೆಲ್ಲಾ, ಗಿಟಾರಿನ ಸ್ಟೀವ್ ಹೋಮ್ಸ್, ಡ್ರಮ್ಮಿನ ಸ್ಟೀವ್ ಲೇಮೊಸ್. ಜೊತೆಗೆ ಹೊಸದಾಗಿ ಸೇರಿದ ಕಿನ್ಸೆಲ್ಲಾರ ಸೋದರ ಸಂಬಂಧಿ ನೇಟ್. ಲೇಮೊಸ್ ಕೊಲೊರಾಡೋದ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಪರಿಚಯದ ಯಾರೋ ಎದುರು ನಿಂತಂತಿತ್ತು.

ನಮ್ಮನ್ನು ಮೊದಲು ತಟ್ಟಿದ್ದು ಹಾಡಲ್ಲ, ಹಾಡುಗಳ ನಡುವಿನ ಬಿಡುವು. ಇವರ ಗಿಟಾರುಗಳ ಶ್ರುತಿ ಎಲ್ಲರಂತಲ್ಲ. ಹಾಡಿನಿಂದ ಹಾಡಿಗೆ ಬದಲಾಗುತ್ತದೆ. ತಂತಿ ಬಿಗಿಯುತ್ತಾ, ಸಡಿಲಿಸುತ್ತಾ ನಿಂತುಬಿಡುತ್ತಾರೆ. ಅಷ್ಟು ಹೊತ್ತೂ ಜನ ಕಾಯುತ್ತಾರೆ. ಮತ್ತೆ ಶುರುವಾದರೆ ಎರಡು ಗಿಟಾರುಗಳು ಒಂದೇ ರಾಗವನ್ನು ಹಿಂದೆಮುಂದೆ ಮಾಡಿಕೊಂಡು ನುಡಿಯುತ್ತವೆ, ತಾಳದ ಲೆಕ್ಕ ಹಿಡಿಯಲು ಹೋದವನು ಸೋಲುತ್ತಾನೆ. ಮನೆಯಲ್ಲಿ ಕೇಳಿದಾಗ ಪಿಸುಮಾತಿನಂತಿದ್ದದ್ದು ಅಲ್ಲಿ ಎದೆಗೂಡಿನಲ್ಲಿ ನಡುಗುತ್ತಿತ್ತು.

ಎಲ್ಲರೂ ಕಾಯುತ್ತಿದ್ದ 'ನೆವರ್ ಮೆಂಟ್' ಬಂದಾಗ ಇಡೀ ಗುಂಪೇ ಹಾಡತೊಡಗಿತು. ಗಾಯಕರ ದನಿ ಮುಚ್ಚಿಹೋಯಿತು. ತಿರುಗಿ ನೋಡಿದರೆ ನಮ್ಮವನೂ ಹಾಡುತ್ತಿದ್ದ. ಅದು ಮುರಿದ ಪ್ರೀತಿಯ ಹಾಡು, ಅವನ ಅಪ್ಪನಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ನಡುವೆ ದನಿ ಒಡೆಯಿತು, ಹೆಗಲು ಅದುರತೊಡಗಿತು. ಪಕ್ಕದಲ್ಲಿ ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ದೊಡ್ಡ ಆಳೊಬ್ಬನಿದ್ದ. ಆತ ಹಾಡು ನಿಲ್ಲಿಸಲಿಲ್ಲ, ಏನಾಯಿತೆಂದು ಕೇಳಲಿಲ್ಲ. ಒಂದು ಕೈಯನ್ನು ಅವನ ಬೆನ್ನಿನ ಮೇಲಿಟ್ಟು ಹಾಡುತ್ತಲೇ ಇದ್ದ. ಐದು ತಿಂಗಳು ಒಂದೇ ಸೂರಿನಡಿ ಉಂಡು ಮಲಗಿದ ನಾವು ಅಷ್ಟನ್ನೂ ಮಾಡಿರಲಿಲ್ಲ.

ಹಿಂತಿರುಗುವಾಗ ಹೈ ಸ್ಟ್ರೀಟಿನ ಮೇಲೆ ಹೋಗೋಣವೆಂದ. ಮನೆಯ ಮುಂದೆ ಆಗಲೇ ನಾಲ್ಕೈದು ಜನ ಪಟ ತೆಗೆಯುತ್ತಿದ್ದರು. ಅವರು ಹೋಗುವವರೆಗೂ ಅವನು ರಸ್ತೆಯಂಚಿನಲ್ಲಿ ಕುಳಿತಿದ್ದ. ಮೇಲಿನ ಕಿಟಕಿ ಕತ್ತಲಾಗಿತ್ತು.

"ನೀವು ಹೇಳಿದ್ದು ಸರೀನೇ ಇತ್ತು ಬಿಡ್ರೋ," ಎಂದ. "ಆದ್ರೂ ಹೋಗ್ಬೇಕಾಗಿತ್ತು."

ನಮ್ಮಲ್ಲಿ ಯಾರೂ ಮಾತನಾಡಲಿಲ್ಲ. ಮೈಸೂರಿನವನು ಹೋಗಿ ಅವನ ಪಕ್ಕ ಕುಳಿತ. ಅಲ್ಲಿ ನಡುರಾತ್ರಿ, ಹಾಸನದಲ್ಲಿ ಬೆಳಗಿನ ಹತ್ತೂವರೆ. ಅವನು ಫೋನು ತೆಗೆದು ಅಮ್ಮನಿಗೆ ಮಾಡಿದ.

"ಹೂಂ ಅಮ್ಮ, ಊಟ ಆಯ್ತು. ಇಲ್ಲ, ಹುಷಾರಾಗೇ ಇದೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಮ್ಮ, ಆವತ್ತು ಅಪ್ಪ ಏನು ಊಟ ಮಾಡಿದ್ರು?"

ನಾವು ಎದ್ದು ರಸ್ತೆಯ ಆಚೆ ಬದಿಗೆ ಹೋದೆವು. ಅವನು ಬಹಳ ಹೊತ್ತು ಮಾತನಾಡಿದ.