ದನಿಪೆಟ್ಟಿಗೆಯ ಆಯ್ಕೆ

ಎತ್ತನ್ನು ಕೊಳ್ಳಹೊರಟ ರೈತನು ಸಂತೆಯಲ್ಲಿ ಅದರ ಕೊಂಬಿನ ಅಂದವನ್ನು ಕಂಡು ಮರುಳಾಗುವುದಿಲ್ಲ. ತನ್ನ ಹೊಲ ಎರೆಯೋ ಕೆಮ್ಮಣ್ಣೋ, ಕೊಟ್ಟಿಗೆಯಲ್ಲಿರುವ ಇನ್ನೊಂದು ಎತ್ತಿನ ನಡಿಗೆ ಎಂತಹುದು, ಇವನ್ನು ಮೊದಲು ಮನಸ್ಸಿನಲ್ಲಿ ತೂಗಿಕೊಂಡು ಅನಂತರ ಹಗ್ಗಕ್ಕೆ ಕೈಹಾಕುವನು. ಸಂಗೀತದ ಸಾಮಗ್ರಿಗಳನ್ನು ಕೊಳ್ಳುವಾಗ ಮಾತ್ರ ನಮ್ಮಲ್ಲಿ ಅನೇಕರು ಈ ವಿವೇಕವನ್ನು ಚಪ್ಪಲಿಯೊಡನೆ ಅಂಗಡಿಯ ಹೊರಗೇ ಬಿಟ್ಟು ಒಳಹೊಗುತ್ತಾರೆ. ಗಿಟಾರಿನ ಧ್ವನಿವರ್ಧಕ, ಎಂದರೆ ಹುಡುಗರು ಆಂಪ್ ಎಂದು ಕರೆಯುವ ಪೆಟ್ಟಿಗೆಯ ವಿಷಯವಾಗಿ ಈಚೆಗೆ ಕೆಲವು ತಿಂಗಳು ನಾನು ವಿಚಾರಮಾಡಬೇಕಾಗಿ ಬಂತು. ಅದರಿಂದ ತಿಳಿದುಬಂದದ್ದು ಮನೆಯಲ್ಲಿ ವಾದ್ಯ ನುಡಿಸುವ ಮಕ್ಕಳುಳ್ಳ ವಾಚಕರಿಗೆ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ.

ನಮ್ಮದು ನಾಗಸಂದ್ರ. ತುಮಕೂರು ಹೆದ್ದಾರಿಯ ಮಗ್ಗುಲಿನ ಈ ಹಳ್ಳಿಯು ಪೀಣ್ಯದ ಕೈಗಾರಿಕೆಗಳು ಬೆಳೆದಂತೆಲ್ಲ ತಾನೂ ಬೆಳೆದು ಪೇಟೆಯಾಯಿತು. 2015ನೆಯ ಮೇ 1ರಂದು ಮೆಟ್ರೋ ರೈಲು ಇಲ್ಲಿಯವರೆಗೆ ಬಂತು. 2024ನೆಯ ನವೆಂಬರಿನಲ್ಲಿ ಇಲ್ಲಿಂದ ಮುಂದೆ ಮಾದಾವರಕ್ಕೆ ನಡೆಯಿತು. ಹಗಲೆಲ್ಲ ಲೇತು ಪ್ರೆಸ್ಸುಗಳ ಸದ್ದು ಕೇಳಿ ದಣಿದ ಜನಕ್ಕೆ ಭಾದ್ರಪದದ ಗಣಪತಿಯಿಂದ ನವೆಂಬರಿನ ರಾಜ್ಯೋತ್ಸವದವರೆಗೆ ಬೀದಿ ಬೀದಿಯ ಪೆಂಡಾಲುಗಳಲ್ಲಿ ನಡೆಯುವ ವಾದ್ಯಗೋಷ್ಠಿಗಳೇ ದೊಡ್ಡ ವಿನೋದ. ಅಂಥ ಒಂದು ವಾದ್ಯಗೋಷ್ಠಿಯಲ್ಲಿ ನನ್ನ ತಮ್ಮನ ಮಗಳು ಗಿಟಾರು ನುಡಿಸುತ್ತಾಳೆ. ವಾರದ ಆರು ದಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ನಕ್ಷೆ ತೆಗೆಯುವ ಕೆಲಸ. ಸಂಜೆ ಮತ್ತು ಭಾನುವಾರ ಅಭ್ಯಾಸ.

ಒಂದು ದಿನ ಅವಳು ಬಂದು ಎದುರಿಗೆ ಕುಳಿತು, “ದೊಡ್ಡಪ್ಪ, ವೇದಿಕೆಯ ಮೇಲೆ ನನ್ನ ಗಿಟಾರು ನನಗೇ ಕೇಳಿಸುವುದಿಲ್ಲ. ಇನ್ನು ಜನಕ್ಕೆ ಹೇಗೆ ಕೇಳಿಸೀತು?” ಎಂದಳು. ಗೋಷ್ಠಿಯ ಯಜಮಾನರು ಒಂದು ಸೂಚನೆ ಕೊಟ್ಟಿದ್ದರಂತೆ. ಗಿಟಾರಿನ ಪಾಲನ್ನು ಕೀಬೋರ್ಡಿನಲ್ಲಿಯೇ ಬಾರಿಸಿಬಿಡಬಹುದು. ಅವಳು ಹಿಂದೆ ನಿಂತು ಪಲ್ಲವಿಗೆ ದನಿಗೂಡಿಸಿದರೆ ಸಾಕು, ಎಂದು. ಎಂಟು ತಿಂಗಳ ಸಂಬಳದಲ್ಲಿ ಉಳಿಸಿದ ಹಣ ಅವಳ ಕೈಯಲ್ಲಿತ್ತು. ಅದರಲ್ಲಿ ಯಾವ ಪೆಟ್ಟಿಗೆಯನ್ನು ಕೊಳ್ಳಬೇಕೆಂಬುದು ಪ್ರಶ್ನೆ. ಸರಿಯಾದುದು ದೊರೆಯದಿದ್ದರೆ ಹೋಗುವುದು ಹಣ ಮಾತ್ರವಲ್ಲ, ಆರು ವರ್ಷದ ಸಾಧನೆಯಿಂದ ದೊರಕಿಸಿಕೊಂಡ ಅವಳ ಸ್ಥಾನವೂ ಹೋಗುವುದು. ಮೂವತ್ತು ವರ್ಷ ಮೋಟಾರುಗಳಿಗೆ ತಂತಿ ಸುತ್ತಿದ ನನಗೆ ಸಂಗೀತ ತಿಳಿಯದಿದ್ದರೂ ವಿದ್ಯುತ್ತು ತಿಳಿಯುವುದೆಂಬ ನಂಬಿಕೆಯಿಂದ ಅವಳು ನನ್ನಲ್ಲಿಗೆ ಬಂದಿದ್ದಳು.

ತನ್ನ ವಾದ್ಯವು ಕೇಳಿಸುವುದಿಲ್ಲವೆಂಬ ಸಂಕಟ ಹೊಸದಲ್ಲ. ಪಿಟೀಲು ಚೌಡಯ್ಯನವರು ಪಕ್ಕವಾದ್ಯಕ್ಕೆ ಕುಳಿತ ಕಾಲದಲ್ಲಿ ಮೈಕಿನ ಬಳಕೆ ಇರಲಿಲ್ಲ. ದೊಡ್ಡ ಸಭೆಯಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದವು ಹಿಂದಿನ ಸಾಲನ್ನು ಮುಟ್ಟುತ್ತಿಲ್ಲವೆಂದು ಕಂಡು ಅವರು ಏಳು ತಂತಿಯ ಪಿಟೀಲನ್ನೇ ಬಳಕೆಗೆ ತಂದರು. ಅವರ ನೆನಪಿಗಾಗಿ ಬೆಂಗಳೂರಿನಲ್ಲಿ 1980ರಲ್ಲಿ ಕಟ್ಟಿದ ಭವನವು ಪಿಟೀಲಿನ ಆಕಾರದಲ್ಲಿಯೇ ಇರುವುದನ್ನು ವಾಚಕರು ನೋಡಿರಬಹುದು. ಅಮೆರಿಕದಲ್ಲಿಯೂ ಹಾಗೆಯೇ. ತುತ್ತೂರಿ ನಗಾರಿಗಳ ನಡುವೆ ಗಿಟಾರಿನ ದನಿ ಮುಳುಗಿಹೋಗುತ್ತಿದ್ದುದರಿಂದಲೇ 1930ರ ದಶಕದ ಆರಂಭದಲ್ಲಿ ವಿದ್ಯುತ್ತಿನ ಗಿಟಾರು ಹುಟ್ಟಿತು. ತಂತಿಗಳ ಕೆಳಗೆ ಅಯಸ್ಕಾಂತವಿಟ್ಟು, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯನ್ನು ಏಳೆಂಟು ಸಾವಿರ ಸುತ್ತು ಸುತ್ತುತ್ತಾರೆ. ಉಕ್ಕಿನ ತಂತಿ ಮಿಡಿದಾಗ ಆ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು. ಅದನ್ನು ಹಿಗ್ಗಿಸಿ ದನಿಯಾಗಿ ಮಾಡುವುದೇ ಧ್ವನಿವರ್ಧಕದ ಕೆಲಸ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನೆಯಲ್ಲಿ ಹಾಡು ಕೇಳುವ ಯಂತ್ರದ ಧರ್ಮವೆಂದರೆ ಬಂದದ್ದನ್ನು ಬಂದಂತೆಯೇ ಒಪ್ಪಿಸುವುದು. ಗಿಟಾರಿನ ಆಂಪು ಹಾಗಲ್ಲ. ವೀಣೆಗೆ ಕೊಡವಿದ್ದಂತೆ ಅದು ವಾದ್ಯದ ಒಂದು ಅಂಗ. ಅದರ ಸ್ಪೀಕರು ಸಾಮಾನ್ಯವಾಗಿ ಸೆಕೆಂಡಿಗೆ ಐದು ಸಾವಿರ ಕಂಪನಗಳಿಗಿಂತ ಮೇಲಿನ ಕೀಚಲನ್ನು ಹೊರಗೆ ಬಿಡದೆ ಅಡಗಿಸಿ, ಉಳಿದುದನ್ನು ತುಂಬುದನಿಯಾಗಿ ಮಾಡುವುದು. ನನ್ನ ತಮ್ಮನ ಮಗಳು ಅದುವರೆಗೆ ಗಿಟಾರಿನ ತಂತಿಯನ್ನು ಮೈಕಿನವರ ಮಿಕ್ಸರಿಗೆ ನೇರವಾಗಿ ಸಿಕ್ಕಿಸುತ್ತಿದ್ದಳು. ಆದ್ದರಿಂದಲೇ ಅದು ತಗಡು ಬಡಿದಂತೆ ಕೇಳಿಸಿ, ಕೀಬೋರ್ಡಿನ ಮುಂದೆ ನಿಲ್ಲಲಾರದೆ ಹೋಗುತ್ತಿತ್ತು. ಮರದ ಹೊಟ್ಟೆಯ ಸಾದಾ ಗಿಟಾರಿಗಾದರೋ ಈ ಪೆಟ್ಟಿಗೆ ಹೊಂದುವುದಿಲ್ಲ. ಅದರ ಕಿಂಕಿಣಿಯೆಲ್ಲ ಇದರಲ್ಲಿ ಮಂಕಾಗುವುದು. ಭಾವಗೀತೆಗಳಿಗೆ ಸಾದಾ ಗಿಟಾರು ನುಡಿಸುವವರು ಅದಕ್ಕಾಗಿಯೇ ಮಾಡಿದ ಬೇರೆ ಬಗೆಯ ಆಂಪನ್ನು ಕೇಳಿ ಪಡೆಯತಕ್ಕದ್ದು.

ಮೊದಲು ಎದುರಾದುದು ವಾಲ್ವಿನ ವ್ಯಾಮೋಹ. ಹಳೆಯ ರೇಡಿಯೋಗಳಲ್ಲಿ ಕೆಂಪಗೆ ಮಿನುಗುತ್ತಿದ್ದ ಗಾಜಿನ ವಾಲ್ವುಗಳನ್ನು ಗಿಟಾರಿನವರು ಇಂದಿಗೂ ಬಿಟ್ಟಿಲ್ಲ. ಶಕ್ತಿಗೆ ಮೀರಿ ದುಡಿಸಿದಾಗ ವಾಲ್ವು ಅಲೆಯ ತಲೆಯನ್ನು ಮೆಲ್ಲಗೆ ದುಂಡಾಗಿಸುವುದು. ಟ್ರಾನ್ಸಿಸ್ಟರು ಕತ್ತಿಯಿಂದ ಕೊಯ್ದಂತೆ ಸವರಿಬಿಡುವುದು. ಆ ದುಂಡುತನವೇ ಕಿವಿಗೆ ಇಂಪು. ನಮ್ಮ ನೆರೆಯ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲಾರಂಭಿಸಿತ್ತು. ಆ ಕಾಲ ಹೋಯಿತು. ಈಗ ಒಂದು ವಾಲ್ವು ಸುಟ್ಟರೆ ಪರದೇಶದಿಂದ ಬಂದುದನ್ನು ಹುಡುಕಬೇಕು. ವೋಲ್ಟೇಜು ಏರಿಳಿಯುವ ಪೆಂಡಾಲಿನಲ್ಲಿ, ಗೂಡ್ಸ್ ಆಟೋದ ಕುಲುಕಾಟದಲ್ಲಿ ಗಾಜಿನ ಸಾಮಾನನ್ನು ಕಾಪಾಡುವುದು ನಮ್ಮಂಥವರಿಗೆ ಹೊರೆಯೇ ಸರಿ. ಟ್ರಾನ್ಸಿಸ್ಟರಿನವೆಲ್ಲ ಕೀಳೆಂದು ಹೇಳುವವರಿಗೆ ಉತ್ತರವಾಗಿ ಜಪಾನಿನ ರೋಲ್ಯಾಂಡ್ ಜಾಜ್ ಕೋರಸ್ 120 ಎಂಬ ಆಂಪು 1975ರಿಂದಲೂ ವೇದಿಕೆಗಳ ಮೇಲೆ ನಿಂತಿದೆ. ಎಷ್ಟು ಎತ್ತರಿಸಿದರೂ ಕಲಕದ ತಿಳಿದನಿ ಅದರದು. ಈಚೆಗೆ ಬಂದವುಗಳಲ್ಲಿ ವಾಲ್ವಿನ ನಡತೆಯನ್ನು ಕಂಪ್ಯೂಟರಿನ ಲೆಕ್ಕದಿಂದ ಅನುಕರಿಸುತ್ತಾರೆ. ಒಂದೇ ಪೆಟ್ಟಿಗೆ ಹತ್ತಾರು ಹೆಸರಾಂತ ಆಂಪುಗಳ ವೇಷ ಹಾಕಬಲ್ಲದು.

ಈ ವೇಷಗಳನ್ನು ಕಂಡೇ ಅಂಗಡಿಯವರು ಅದನ್ನು ಬಹೂಪಯೋಗಿ ಎನ್ನುತ್ತಾರೆ. ನನಗೆ ಅದು ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಮಗುವಿಗೆ ಒಂದು ಕಾಗದ ಕೊಟ್ಟು, “ಹಿಂದಿನ ವರ್ಷ ನೀವು ನುಡಿಸಿದ ಸ್ಥಳಗಳನ್ನೆಲ್ಲ ಬರೆ” ಎಂದೆ. ಅಭ್ಯಾಸ ನಡೆಯುವ ಮನೆಯ ಮೇಲಣ ಕೊಠಡಿ, ಮದುವೆಯ ಛತ್ರ, ಬೀದಿಯ ಪೆಂಡಾಲು, ಶಾಲೆಯ ಮೈದಾನ. ನಾಲ್ಕೇ ಬಗೆ. ಹಾಡುಗಳನ್ನು ಬರೆಸಿದೆ. ಹಳೆಯ ಚಿತ್ರಗೀತೆಗಳಿಗೆ ತಿಳಿಯಾದ ದನಿ, ಹೊಸವಕ್ಕೆ ಕೊಂಚ ಒರಟು, ನಿಧಾನದ ಹಾಡಿಗೆ ಗುಹೆಯೊಳಗಿನಂತಹ ಅನುರಣನ. ಮೂರೇ ದನಿ. ಈ ಮೂರು ದನಿಗಳು ಆ ನಾಲ್ಕು ಸ್ಥಳಗಳಲ್ಲಿಯೂ ಕೆಡದೆ ನಿಲ್ಲಬೇಕು, ಒಂದರಿಂದ ಇನ್ನೊಂದಕ್ಕೆ ಕಾಲಿನ ಒತ್ತಿನಿಂದ ಹೋಗುವಂತಿರಬೇಕು. ಬಹೂಪಯೋಗವೆಂದರೆ ಇಷ್ಟೇ. ನಲವತ್ತು ದನಿಗಳ ಪಟ್ಟಿಯಿಂದ ಅವಳಿಗೇನು?

ಇನ್ನು ಬಲದ ವಿಚಾರ. ನೂರು ವ್ಯಾಟಿನದು ಐವತ್ತರದಕ್ಕಿಂತ ಇಮ್ಮಡಿ ಸದ್ದು ಮಾಡುವುದೆಂದು ಸಾಮಾನ್ಯರ ಭಾವನೆ. ಕಿವಿಯ ಲೆಕ್ಕವೇ ಬೇರೆ. ವ್ಯಾಟನ್ನು ಇಮ್ಮಡಿಸಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯೆನಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತುಪಟ್ಟು ಬಲ ಬೇಕು. ಹಾಗಾಗಿ ಐವತ್ತು ವ್ಯಾಟಿನ ಒಳ್ಳೆಯ ಪೆಟ್ಟಿಗೆಗೂ ನೂರರದಕ್ಕೂ ವೇದಿಕೆಯಲ್ಲಿ ಬಹಳ ಅಂತರವಿಲ್ಲ. ಸ್ಪೀಕರಿನ ಗಾತ್ರ ಮತ್ತು ಚುರುಕು ಅದಕ್ಕಿಂತ ಹೆಚ್ಚು ಮುಖ್ಯ. ಹನ್ನೆರಡು ಅಂಗುಲದ್ದು ಒಂದಿದ್ದರೆ ನಮ್ಮ ಛತ್ರಗಳಿಗೆ ಸಾಕಾಯಿತು. ಮೈದಾನಕ್ಕೆ ಸಾಲದಲ್ಲವೆ ಎಂದರೆ, ಮೈದಾನವನ್ನು ತುಂಬುವ ಭಾರವನ್ನು ಆಂಪು ಹೊರಬೇಕಾಗಿಯೇ ಇಲ್ಲ. ಅದರ ಮುಂದೆ ಒಂದು ಮೈಕನ್ನಿಟ್ಟರೆ, ಇಲ್ಲವೆ ಅದರ ಬೆನ್ನಿನಲ್ಲಿರುವ ಲೈನ್ ಔಟಿನಿಂದ ಒಂದು ತಂತಿಯನ್ನು ಮೈಕಿನವರಿಗೆ ಕೊಟ್ಟರೆ, ಅವರ ದೊಡ್ಡ ಸ್ಪೀಕರುಗಳು ಆ ಕೆಲಸ ನೋಡಿಕೊಳ್ಳುತ್ತವೆ. ಆಂಪು ನುಡಿಸುವವಳಿಗೂ ಪಕ್ಕದವರಿಗೂ ಕೇಳಿಸಿದರೆ ತೀರಿತು. ಈ ಲೈನ್ ಔಟು ಇಲ್ಲದ ಪೆಟ್ಟಿಗೆಯನ್ನು ಬಿಟ್ಟುಬಿಡುವುದು ಲೇಸು. ಕಡಿಮೆ ಮಾಡಿದಾಗಲೂ ದನಿಯ ಗುಣ ಕೆಡದಿರುವುದೂ ಅಷ್ಟೇ ಅವಶ್ಯ. ಕೆಲವು ಹೊಸ ಆಂಪುಗಳಲ್ಲಿ ನೂರು ವ್ಯಾಟನ್ನು ಐವತ್ತಕ್ಕೂ ಅರ್ಧ ವ್ಯಾಟಿಗೂ ಇಳಿಸುವ ಗುಂಡಿಯೇ ಇರುತ್ತದೆ. ಕೆಳಮನೆಯವರೊಡನೆ ಸ್ನೇಹ ಉಳಿಯಬೇಕಾದರೆ ಅದು ಬೇಕು.

ತೂಕವನ್ನು ಅಂಗಡಿಯಲ್ಲಿ ಯಾರೂ ಕೇಳುವುದಿಲ್ಲ. ಮೊದಲೇ ಹೇಳಿದ ಜಾಜ್ ಕೋರಸ್ಸು ಸುಮಾರು 28 ಕಿಲೋ. ಫೆಂಡರಿನವರ ಪ್ರಸಿದ್ಧ ಟ್ವಿನ್ ರಿವರ್ಬೂ ಹೆಚ್ಚುಕಡಿಮೆ ಅಷ್ಟೇ. ಒಂದು ಸಿಮೆಂಟು ಮೂಟೆಯ ಅರ್ಧಕ್ಕೂ ಹೆಚ್ಚು. ರಾತ್ರಿ ಹನ್ನೊಂದು ಗಂಟೆಗೆ ಕಾರ್ಯಕ್ರಮ ಮುಗಿಸಿ ಮೂರನೆಯ ಮಹಡಿಗೆ ಅದನ್ನು ಹೊರುವವರು ಯಾರು? ಇತರರನ್ನು ಕರೆಯದೆ ತಾನೊಬ್ಬಳೇ ಎತ್ತಬಲ್ಲ ಪೆಟ್ಟಿಗೆಯಾಗಬೇಕೆಂದು ಅವಳೇ ನಿರ್ಧರಿಸಿದಳು. ಆ ಮಾತು ನನಗೆ ಮೆಚ್ಚಿಗೆಯಾಯಿತು.

ಎಲ್ಲಕ್ಕಿಂತ ಗುರುತರವಾದುದನ್ನು ಈಗ ಹೇಳುತ್ತೇನೆ. ಒಂದು ಗಣಪತಿಯ ಪೆಂಡಾಲಿನಲ್ಲಿ ಗಿಟಾರಿನ ತಂತಿಯ ಮೇಲೆ ಕೈಯಿಟ್ಟು ಮೈಕಿಗೆ ತುಟಿ ಸೋಕಿಸಿದೊಡನೆ ಆ ಹುಡುಗಿಗೆ ಜುಮ್ಮೆಂದು ವಿದ್ಯುತ್ತು ಹೊಡೆದಿತ್ತು. ಅವಳು ಅದನ್ನು ನಗುತ್ತ ಹೇಳಿದಳು. ನನಗೆ ಎದೆ ನಡುಗಿತು. ಗಿಟಾರಿನ ತಂತಿಗಳು ಆಂಪಿನ ಅರ್ತಿಂಗಿಗೆ ಸೇರಿರುತ್ತವೆ. ಮೈಕು ಬೇರೊಂದು ಸಲಕರಣೆಯ ಅರ್ತಿಂಗಿಗೆ. ಎರಡರಲ್ಲಿ ಒಂದು ಕಡೆ ಅರ್ತಿಂಗು ಇಲ್ಲದೆ ವಿದ್ಯುತ್ತು ಸೋರಿದರೆ, ನುಡಿಸುವವನ ದೇಹವೇ ಅವುಗಳ ನಡುವಣ ಸೇತುವೆಯಾಗುವುದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿ ನಗರದಲ್ಲಿ ಲೆಸ್ ಹಾರ್ವೆ ಎಂಬ ಗಿಟಾರುವಾದಕನು ಹೀಗೆಯೇ, ಮೈಕನ್ನು ಮುಟ್ಟಿದಾಗ, ವೇದಿಕೆಯ ಮೇಲೆ ಪ್ರಾಣಬಿಟ್ಟನು. ಮೂರು ಕಡ್ಡಿಯ ಪ್ಲಗ್ಗಿನಿಂದ ಅರ್ತಿನ ಕಡ್ಡಿಯನ್ನು ಕಿತ್ತುಹಾಕುವುದನ್ನೂ, ಕಂಬದಿಂದ ಎರಡೇ ತಂತಿ ಎಳೆದು ಪೆಂಡಾಲಿಗೆ ಕೊಡುವುದನ್ನೂ ನಮ್ಮ ಕಡೆ ನಾನು ಕಣ್ಣಾರೆ ಕಂಡಿದ್ದೇನೆ. ಆದಕಾರಣ ಅವಳ ಹಣದಲ್ಲಿ ಒಂದು ಸಣ್ಣ ಭಾಗವನ್ನು ಆಂಪಿಗೆ ಮುಂಚೆಯೇ ತೆಗೆದಿರಿಸಿ, 30 ಮಿಲಿಆಂಪಿಯರಿನ ಸೋರಿಕೆಗೇ ಕಡಿದುಹೋಗುವ ಆರ್‌ಸಿಸಿಬಿ ಜೋಡಿಸಿದ ಒಂದು ಬೋರ್ಡನ್ನು ನಾನೇ ಮಾಡಿಕೊಟ್ಟೆ. ಗೋಷ್ಠಿಯ ಸಲಕರಣೆಗಳೂ ಮೈಕಿನ ಮಿಕ್ಸರೂ ಒಂದೇ ಬೋರ್ಡಿನಿಂದ ವಿದ್ಯುತ್ತು ಪಡೆಯಬೇಕು. ಅರ್ತಿಂಗು ಸರಿಯಿದೆಯೆಂದು ಪರೀಕ್ಷಿಸುವ ಮೊದಲು ಯಾರೂ ವಾದ್ಯ ಮುಟ್ಟಕೂಡದು. ಇದು ಈಗ ಅವರ ಗೋಷ್ಠಿಯಲ್ಲಿ ಕಟ್ಟಳೆಯಾಗಿದೆ.

ಕೊನೆಗೆ ಅವಳು ಕೊಂಡದ್ದು ಇನ್ನೊಬ್ಬರು ಬಳಸಿ ಮಾರಿದ, ಹನ್ನೆರಡು ಅಂಗುಲದ ಒಂದೇ ಸ್ಪೀಕರಿನ, ಹದಿನೈದು ಕಿಲೋ ತೂಗುವ ಟ್ರಾನ್ಸಿಸ್ಟರಿನ ಪೆಟ್ಟಿಗೆ. ಕೊಳ್ಳುವ ಮುನ್ನ ತನ್ನ ಗಿಟಾರನ್ನೇ ಒಯ್ದು, ಮೂರು ದನಿಗಳನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ನುಡಿಸಿ ನೋಡಿದಳು. ಪಕ್ಕದಲ್ಲಿದ್ದ ವಾಲ್ವಿನ ಆಂಪು ಇದಕ್ಕಿಂತ ಇಂಪಾಗಿತ್ತೆಂಬುದು ನಿಜ. ಅವಳು ಅದರ ಕಡೆ ಎರಡು ಸಲ ತಿರುಗಿ ನೋಡಿದುದನ್ನು ನಾನು ಕಂಡೆ.

ಮೊದಲ ಕಾರ್ಯಕ್ರಮದಲ್ಲಿ ಇನ್ನೊಂದು ಪಾಠವಾಯಿತು. ಅವಳು ದನಿಯೇರಿಸಿದಳು, ಕೀಬೋರ್ಡಿನವನೂ ಏರಿಸಿದನು, ರಿದಂ ಪ್ಯಾಡಿನವನು ಇಬ್ಬರನ್ನೂ ಮೀರಿಸಿದನು. ಹಾಡುವವರ ಗತಿ ದೇವರಿಗೇ ಪ್ರೀತಿ. ಮುಂದಿನ ಸಲ ಪೆಟ್ಟಿಗೆಯನ್ನು ನೆಲದಿಂದೆತ್ತಿ ಕುರ್ಚಿಯ ಮೇಲೆ, ಕಿವಿಗೆ ಮುಖವಾಗಿ ಓರೆಯಾಗಿರಿಸಿದರು. ಮೊದಲು ಮೊಣಕಾಲಿಗೆ ಕೇಳಿಸುತ್ತಿದ್ದುದು ಆಗ ಕಿವಿಗೆ ಕೇಳಿಸಿತು; ಸದ್ದನ್ನು ಇಳಿಸಿಯೂ ಗಿಟಾರು ಸ್ಪಷ್ಟವಾಯಿತು. ಅವಳ ದನಿ ತಗ್ಗಿದೊಡನೆ ಉಳಿದವರೂ ತಗ್ಗಿಸಿದರು. ಹಾಗೆ ತಗ್ಗುವುದು ಊರಿಗೂ ಹಿತ. 2000ನೆಯ ವರ್ಷದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಯ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ನುಡಿಸುವವರ ಕಿವಿಯೂ ಉಳಿಯಬೇಕಷ್ಟೆ. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ತಡೆಯಬಲ್ಲ ಕಿವಿಗೆ 100 ಡೆಸಿಬೆಲ್ಲಾದರೆ ಕಾಲು ಗಂಟೆಯೇ ಮಿತಿಯೆಂದು ಬಲ್ಲವರ ಲೆಕ್ಕ. ಕಾರ್ಖಾನೆಯ ಸದ್ದಿನಲ್ಲಿ ಕಿವಿ ಮಂದವಾದ ಎಷ್ಟೋ ಮಂದಿ ಸಹೋದ್ಯೋಗಿಗಳನ್ನು ನಾನು ಬಲ್ಲೆ. ಸಂಗೀತವೂ ಅದನ್ನೇ ಮಾಡಬೇಕೆ?

ಕೀಬೋರ್ಡಿನಲ್ಲಿ ಗಿಟಾರು ಬಾರಿಸುವ ಮಾತನ್ನು ಯಜಮಾನರು ಈಗ ಎತ್ತುವುದಿಲ್ಲ. ಎರಡು ಹಾಡುಗಳ ಆರಂಭವನ್ನು ಅವಳಿಗೇ ಬಿಟ್ಟುಕೊಟ್ಟಿದ್ದಾರೆ. ಮಕ್ಕಳು ಇಂಥದನ್ನು ಕೇಳಿದಾಗ ಮನೆಯ ಹಿರಿಯರು ಬೆಲೆಯನ್ನು ವಿಚಾರಿಸುವುದಕ್ಕೆ ಮುಂಚೆ, ಎಲ್ಲಿ ನುಡಿಸುತ್ತೀಯೆ, ಯಾರೊಡನೆ, ಮನೆಗೆ ಹೇಗೆ ತರುತ್ತೀಯೆ, ಅಲ್ಲಿ ಅರ್ತಿಂಗು ಇದೆಯೆ ಎಂದು ಕೇಳಲಿ. ಇವಕ್ಕೆ ಉತ್ತರ ಬರೆದು ಮುಗಿಯುವಷ್ಟರಲ್ಲಿ, ಕೊಳ್ಳಬಹುದಾದ ಪೆಟ್ಟಿಗೆಗಳು ಎರಡೋ ಮೂರೋ ಉಳಿದಿರುತ್ತವೆ. ಅವುಗಳಲ್ಲಿ ಯಾವುದೆಂಬುದನ್ನು ನುಡಿಸುವ ಮಗುವಿನ ಕಿವಿಗೆ ಬಿಡುವುದೇ ಯುಕ್ತ.