ಯಜಮಾನರ ದನಿ ಅರ್ಧ ಮೈಲಿಗೇ ನಿಂತಾಗ...

“ಅಲ್ಲಿ ನಿನಗೇನಕ್ಕಾ ಕೆಲಸ? ಬಟ್ಟೆ ಒಗೆಯೋಕೆ ಮಿಷನ್ನು, ಪಾತ್ರೆ ತೊಳೆಯೋಕೆ ಮಿಷನ್ನು!” ಎಂದು ತಿಪಟೂರಿನಲ್ಲಿರುವ ನನ್ನ ತಂಗಿ ಫೋನು ಮಾಡಿದಾಗಲೆಲ್ಲ ಛೇಡಿಸುತ್ತಾಳೆ. “ಲಾರಿಯ ಏರಿಯಲ್ ರಿಪೇರಿ ಮಾಡಿದೆ ಕಣೇ” ಎಂದರೆ ಅವಳು ನಂಬಲೇ ಇಲ್ಲ. ನೀವಾದರೂ ನಂಬುತ್ತೀರೆಂದು ಬರೆಯುತ್ತಿದ್ದೇನೆ. ಅಡಿಗೆಯ ಮಾತು ಬಿಟ್ಟು ಇದೇನು ಲಾರಿ ಪುರಾಣ ಎಂದು ಮೂಗು ಮುರಿಯಬೇಡಿ. ಸ್ವಲ್ಪ ತಾಳ್ಮೆಯಿಂದ ಓದಿದರೆ ನಿಮ್ಮ ಮನೆಗೂ ಉಪಯೋಗವಾದೀತು.

ನಾವಿರುವುದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಫ್ರೆಸ್ನೊ ಎಂಬ ಊರಿನ ಹತ್ತಿರ. ನಮ್ಮ ಯಜಮಾನರು ಊರಿನಲ್ಲಿದ್ದಾಗ ಕೊಬ್ಬರಿ ಸಾಗಿಸುವ ಲಾರಿ ಇಟ್ಟುಕೊಂಡಿದ್ದರು. ಭಾವನವರು ಇಲ್ಲಿಗೆ ಕರೆಸಿಕೊಂಡ ಮೇಲೂ ಅದೇ ಕಸುಬು. ಲಾರಿ ಮಾತ್ರ ದೊಡ್ಡದು, 18 ಚಕ್ರದ್ದು. ಕೊಬ್ಬರಿಯ ಬದಲು ಟೊಮೆಟೊ ಡಬ್ಬಿಗಳ ಲೋಡು. ಈ ಬಯಲಿನಲ್ಲಿ ಟೊಮೆಟೊ ಬೆಳೆ ಹೇರಳ. ಇಲ್ಲಿಂದ ಹೊರಟು 99ನೇ ನಂಬರಿನ ಹೆದ್ದಾರಿ ಹಿಡಿದು ಉತ್ತರಕ್ಕೆ ಸ್ಟಾಕ್‌ಟನ್, ಸ್ಯಾಕ್ರಮೆಂಟೊ ಕಡೆ ಹೋಗಿಬರುತ್ತಾರೆ.

ಬೇಸಿಗೆಯಲ್ಲಿ ಚಿಂತೆಯಿಲ್ಲ. ನವೆಂಬರ್ ಬಂತೆಂದರೆ ನನ್ನ ಎದೆ ಡವಡವ ಎನ್ನತೊಡಗುತ್ತದೆ. ಎರಡೂ ಕಡೆ ಬೆಟ್ಟದ ಸಾಲು, ನಡುವೆ ಈ ಬಯಲು. ಮಳೆ ಬಿದ್ದು ಒದ್ದೆಯಾದ ನೆಲ ರಾತ್ರಿ ತಣ್ಣಗಾದೊಡನೆ ಮಂಜು ಇಳಿದು, ಗಾಳಿಯಿಲ್ಲದೆ ಅಲ್ಲೇ ಕೂತುಬಿಡುತ್ತದೆ. ಜೌಗಿನಲ್ಲಿ ಬೆಳೆಯುವ ಟ್ಯೂಲಿ ಎಂಬ ಜೊಂಡಿನ ಹೆಸರಿನಿಂದ ಇದನ್ನು ಟ್ಯೂಲಿ ಮಂಜು ಅನ್ನುತ್ತಾರೆ. ನಮ್ಮ ಸಕಲೇಶಪುರದ ಘಾಟಿಯಲ್ಲಿ ಮಂಜು ನೋಡಿದವಳು ನಾನು. ಆದರೂ ಇಲ್ಲಿಯದನ್ನು ಕಂಡು ಬೆಚ್ಚಿದೆ. ಕೆಲವು ಬೆಳಗ್ಗೆ ನಮ್ಮ ಮನೆಯ ಗೇಟೇ ಕಾಣುವುದಿಲ್ಲ! 2007ರ ನವೆಂಬರಿನಲ್ಲಿ ಇದೇ ಫ್ರೆಸ್ನೊ ಬಳಿ, ಇದೇ ಹೆದ್ದಾರಿಯಲ್ಲಿ, ಮಂಜಿನಲ್ಲಿ ನೂರಕ್ಕೂ ಹೆಚ್ಚು ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು. ಹೀಗಿರುವಾಗ ಮನೆಯಲ್ಲಿ ಕೂತವಳಿಗೆ ನೆಮ್ಮದಿ ಎಲ್ಲಿಂದ ಬರಬೇಕು, ಹೇಳಿ?

ಲಾರಿಯವರು ಇಂಥ ಹೊತ್ತಿನಲ್ಲಿ ನಂಬುವುದು ಸಿ.ಬಿ. ರೇಡಿಯೋ ಎಂಬ ಪುಟ್ಟ ಪೆಟ್ಟಿಗೆಯನ್ನು. ನಮ್ಮ ಕಡೆಯ ಲಾರಿಗಳಲ್ಲಿ ಇದನ್ನು ನೀವು ಕಂಡಿರಲಾರಿರಿ. ಗುಂಡಿ ಒತ್ತಿ ಮಾತಾಡಿದರೆ, ಅದೇ ಚಾನೆಲ್ಲಿನಲ್ಲಿ ಸುತ್ತಮುತ್ತ ಇರುವ ಎಲ್ಲರಿಗೂ ಕೇಳಿಸುತ್ತದೆ. “ಮೊಬೈಲ್ ಇಲ್ಲವೇ?” ಎನ್ನಬಹುದು. ಇದೆ. ಆದರೆ ಮೊಬೈಲಿಗೆ ನಂಬರು ಬೇಕಲ್ಲ! ಮೂರು ಮೈಲಿ ಮುಂದೆ ಹೋಗುತ್ತಿರುವ ಗುರುತಿಲ್ಲದ ಲಾರಿಯವನ ನಂಬರು ಯಾರಿಗೆ ಗೊತ್ತು? ಇದು ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೂಗಿ ಹೇಳಿದ ಹಾಗೆ. “ನಿಧಾನ ಕಣ್ರಪ್ಪಾ, ಮುಂದೆ ಎಲ್ಲಾ ನಿಂತಿದೆ” ಎಂದು ಒಬ್ಬ ಅಂದರೆ ಹಿಂದೆ ಬರುವವರೆಲ್ಲ ಹುಷಾರಾಗುತ್ತಾರೆ.

1973ರಲ್ಲಿ ಎಣ್ಣೆಗೆ ಅಭಾವ ಬಂದು, ಮರುವರ್ಷ ಇಡೀ ದೇಶಕ್ಕೆ ಗಂಟೆಗೆ 55 ಮೈಲಿಯ ವೇಗಮಿತಿ ಹಾಕಿದಾಗ, ಪೆಟ್ರೋಲು ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿ ನಿಂತಿದ್ದಾರೆ ಎಂದು ಹೇಳಿಕೊಳ್ಳಲು ಲಾರಿಯವರು ಇದನ್ನು ಹಿಡಿದುಕೊಂಡರಂತೆ. 1977ರಿಂದ 40 ಚಾನೆಲ್ಲುಗಳಾದವು. ಲಾರಿಯವರು ಹೆಚ್ಚಾಗಿ ಮಾತಾಡುವುದು 19ರಲ್ಲಿ. 9 ಮಾತ್ರ ಅಪಾಯದ ಹೊತ್ತಿಗೆ ಮೀಸಲು. ಈಗ ಮೊದಲಿನಷ್ಟು ಜನ ಬಳಸುವುದಿಲ್ಲ, ಆದರೂ ಮಂಜು ಬಿದ್ದ ದಿನ ಇದರ ಬೆಲೆ ಗೊತ್ತಾಗುತ್ತದೆ. ಕಾನೂನಿನ ಪ್ರಕಾರ ಇದರ ಶಕ್ತಿ ಬರೀ 4 ವಾಟು, ದೇವರ ಕೋಣೆಯ ಸಣ್ಣ ಬಲ್ಬಿನಷ್ಟು. ಅಷ್ಟರಲ್ಲಿ ಒಂದಿಷ್ಟು ಪೋಲಾದರೂ ದನಿ ಮುಂದೆ ಹೋಗದು.

ನಮ್ಮಲ್ಲಿ ಆದದ್ದೂ ಅದೇ. ನವೆಂಬರಿನ ಮೊದಲ ವಾರ ಯಜಮಾನರು, “ಯಾಕೋ ಈ ರೇಡಿಯೋ ಮಂಕಾಗಿದೆ ಕಣೇ. ಮೊದಲು ಮೂರು ನಾಲ್ಕು ಮೈಲಿ ದೂರದವರ ಮಾತು ಕೇಳ್ತಿತ್ತು. ಈಗ ಅರ್ಧ ಮೈಲಿ ದಾಟಿದ್ರೆ ಬರೀ ಗೊರಗೊರ. ನನ್ನ ಮಾತೂ ಯಾರಿಗೂ ಕೇಳಿಸ್ತಿಲ್ಲ” ಎಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 55 ಮೈಲಿ ವೇಗದಲ್ಲಿ ಮೂರು ಮೈಲಿ ಎಂದರೆ ಮೂರು ನಿಮಿಷಕ್ಕೂ ಹೆಚ್ಚು. ಅರ್ಧ ಮೈಲಿ ಎಂದರೆ ಬರೀ ಅರ್ಧ ನಿಮಿಷ! ತುಂಬಿದ ಲಾರಿ ನಿಲ್ಲಿಸಲು ಅಷ್ಟು ಸಾಕೇ?

ರೇಡಿಯೋ ಅಂಗಡಿಯೊಂದರಲ್ಲಿ ವಿಚಾರಿಸಿದರು. ಅಲ್ಲಿಯವರು ಲಾರಿಯ ಹತ್ತಿರಕ್ಕೂ ಬಾರದೆ, “ಸೆಟ್ಟು ಹಳೆಯದಾಗಿದೆ, ಹೊಸದು ತಗೊಳ್ಳಿ. ಜೊತೆಗೆ ಶಕ್ತಿ ಹೆಚ್ಚಿಸುವ ಯಂತ್ರವೂ ಇರಲಿ” ಎಂದರಂತೆ. ಆ ಯಂತ್ರವನ್ನು ಸಿ.ಬಿ.ಗೆ ಜೋಡಿಸುವುದು ಇಲ್ಲಿಯ ಕಾನೂನಿಗೇ ವಿರುದ್ಧ! “ಹೋಗ್ಲಿ ಬಿಡೇ, ಹೊಸ ಸೆಟ್ಟಾದ್ರೂ ತಗೊಳ್ಳೋಣ, 150 ಡಾಲರ್ ತಾನೆ” ಎಂದರು ಯಜಮಾನರು, ದುಡಿದು ದಣಿದ ದನಿಯಲ್ಲಿ. ನಾನು ಸುತರಾಂ ಒಪ್ಪಲಿಲ್ಲ. “ಸ್ವಲ್ಪ ತಾಳಿ ಅಂದ್ರೆ. ಭಾನುವಾರ ನೋಡೇ ಬಿಡೋಣ” ಎಂದೆ. ನಾನು ಓದಿರುವುದು ಎಸ್.ಎಸ್.ಎಲ್.ಸಿ. ಅಷ್ಟೆ. ಆದರೆ ಸೆಟ್ಟಿನ ಜೊತೆ ಬಂದ ಪುಸ್ತಿಕೆಯನ್ನು ಡಿಕ್ಷನರಿ ಇಟ್ಟುಕೊಂಡು ಮೂರು ರಾತ್ರಿ ಓದಿದೆ. ಅದರಲ್ಲಿ ತಿಳಿಯದ್ದನ್ನು ಪಕ್ಕದ ಮನೆಯ ಸರದಾರ್ಜಿಯವರನ್ನು ಕೇಳಿದೆ. ಅವರೂ ಲಾರಿಯವರೇ. “ಆಯಿಯೇ ಭಾಬೀಜಿ” ಎಂದು ಮೀಟರೂ ಕೊಟ್ಟು ಬಂದರು.

ಮೊದಲು ಮಾಡಿದ್ದು ಇಷ್ಟು. ನಮ್ಮ ಸೆಟ್ಟನ್ನು ಬಿಚ್ಚಿ ಸರದಾರ್ಜಿಯವರ ಲಾರಿಗೆ, ಅವರ ಏರಿಯಲ್ಲಿಗೆ ಸೇರಿಸಿದೆವು. ದೂರದ ಲಾರಿಯವರ ಮಾತು ಗಂಟೆ ಬಾರಿಸಿದಂತೆ ಕೇಳಿಸಿತು. ನಮ್ಮವರು ಆಡಿದ ಮಾತಿಗೆ ಉತ್ತರವೂ ಬಂತು! ಮಿಕ್ಸಿ ತಿರುಗದಿದ್ದರೆ ಬೇರೆ ಪ್ಲಗ್ಗಿಗೆ ಹಾಕಿ ನೋಡುವುದಿಲ್ಲವೇ, ಹಾಗೆಯೇ ಇದು. ಸೆಟ್ಟಿನಲ್ಲಿ ಏನೂ ದೋಷವಿಲ್ಲ ಎಂದಾಯಿತು. 150 ಡಾಲರ್ ಅಲ್ಲೇ ಉಳಿಯಿತು.

ಆಮೇಲೆ ಮೀಟರು. ಇದಕ್ಕೆ ಎಸ್.ಡಬ್ಲ್ಯು.ಆರ್. ಮೀಟರು ಎನ್ನುತ್ತಾರೆ. ಸೆಟ್ಟಿಗೂ ಏರಿಯಲ್ಲಿನ ವೈರಿಗೂ ನಡುವೆ ಸೇರಿಸಬೇಕು. ಕಿರಿದಾದ ಆಲಿಕೆಗೆ ಒಮ್ಮೆಲೇ ಎಣ್ಣೆ ಸುರಿದರೆ ಕೆಳಗಿಳಿಯದೆ ಉಕ್ಕಿ ಹಿಂದಕ್ಕೆ ಬರುತ್ತದಲ್ಲ, ಹಾಗೆ ಸೆಟ್ಟು ಕಳಿಸಿದ ಶಕ್ತಿಯಲ್ಲಿ ಎಷ್ಟು ಏರಿಯಲ್ಲಿಗೆ ಹೋಗದೆ ವಾಪಸಾಗುತ್ತಿದೆ ಎಂದು ಅದು ತೋರಿಸುತ್ತದೆ. 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, ನೂರಕ್ಕೆ ನಾಲ್ಕು ಪಾಲು ಮಾತ್ರ ವಾಪಸು. 3 ಎಂದರೆ ಕಾಲು ಭಾಗವೇ ವಾಪಸು! ಸೆಟ್ಟಿನೊಳಗಿನ ಟ್ರಾನ್ಸಿಸ್ಟರು ಸುಟ್ಟುಹೋಗುವ ಭಯವೂ ಉಂಟು. ನಮ್ಮದು 1, 20, 40, ಯಾವ ಚಾನೆಲ್ಲಿಗೆ ತಿರುಗಿಸಿದರೂ 3 ದಾಟಿತು. ಎಲ್ಲ ಚಾನೆಲ್ಲಿನಲ್ಲೂ ಹೀಗಿದ್ದರೆ ಏರಿಯಲ್ಲಿನ ಉದ್ದ ಕೊಂಚ ಹೆಚ್ಚು ಕಡಿಮೆಯಾದದ್ದಷ್ಟೇ ಅಲ್ಲ. ವೈರು ಒಳಗೇ ತಾಗಿಕೊಂಡಿರಬೇಕು, ಇಲ್ಲವೇ ಅರ್ತಿಂಗ್ ತಪ್ಪಿರಬೇಕು.

ವೈರನ್ನು ಎರಡೂ ಕಡೆ ಬಿಚ್ಚಿ, ಬಾಗಿಲ ಸಂದಿಯಲ್ಲಿ ಸಿಕ್ಕಿ ಜಜ್ಜಿದೆಯೇ, ತುದಿಯಲ್ಲಿ ನೀರು ಇಳಿದು ಹಸಿರುಗಟ್ಟಿದೆಯೇ ಎಂದು ಬೆರಳಾಡಿಸಿ ನೋಡಿದೆ. ಮಲ್ಟಿಮೀಟರು ಹಿಡಿದೆವು. ಒಳಗಿನ ತಂತಿಯ ಈ ತುದಿಯಿಂದ ಆ ತುದಿಗೆ ‘ಪೀಂ’ ಎನ್ನಬೇಕು. ಹೊರಗಿನ ಜಾಲರಿಗೂ ಹಾಗೆಯೇ. ಒಳಗಿನದಕ್ಕೂ ಹೊರಗಿನದಕ್ಕೂ ಮುಟ್ಟಿಸಿದರೆ ಮಾತ್ರ ಸದ್ದಾಗಕೂಡದು. ಎಲ್ಲ ಸರಿಯಾಗಿತ್ತು. ಏರಿಯಲ್ಲಿನ ಬುಡದ ಪ್ಲಾಸ್ಟಿಕ್ ವಾಷರೂ ನೆಟ್ಟಗಿತ್ತು.

ಇನ್ನೇನು ಉಳಿಯಿತು? ಆಗ ನನಗೆ ಹೊಳೆದದ್ದು ನನ್ನ ಖರ್ಚಿನ ಪುಸ್ತಕ. ಹಾಲು, ತರಕಾರಿಯಿಂದ ಹಿಡಿದು ಲಾರಿಯ ರಿಪೇರಿಯವರೆಗೆ ಎಲ್ಲವನ್ನೂ ತಾರೀಖು ಹಾಕಿ ಬರೆಯುವುದು ನನ್ನ ತಾಯಿ ಕಲಿಸಿದ ಅಭ್ಯಾಸ. ರೇಡಿಯೋ ಮಂಕಾಗುವುದಕ್ಕೆ ಹಿಂದಿನ ವಾರ ಏನಾದರೂ ಬದಲಾಯಿತೇ ಎಂದು ಹಾಳೆ ತಿರುವಿದರೆ, ಅಕ್ಟೋಬರ್ 28ರಂದು “ಎಡಗಡೆ ಕನ್ನಡಿ, ಹೊಸದು” ಎಂದು ಬರೆದಿದೆ! ಹಳೆಯ ಕನ್ನಡಿ ಯಾವುದೋ ಕೊಂಬೆಗೆ ತಾಗಿ ಒಡೆದಿತ್ತು. ಗ್ಯಾರೇಜಿನವರು ಕಂಬಿಸಹಿತ ಹೊಸದನ್ನು ಕೂರಿಸಿದ್ದರು. ನಮ್ಮ ಏರಿಯಲ್ ನಿಂತಿರುವುದೇ ಆ ಕಂಬಿಯ ಮೇಲೆ!

ಇಲ್ಲೊಂದು ವಿಷಯ ಹೇಳಬೇಕು. ಈ ರೇಡಿಯೋದ ಅಲೆಯ ಉದ್ದ ಸುಮಾರು 11 ಮೀಟರು. ಅದರ ಕಾಲು ಭಾಗ, ಎಂದರೆ ಸುಮಾರು 9 ಅಡಿ, ಏರಿಯಲ್ಲಿಗೆ ಬೇಕು. ಗಿಡ್ಡ ಏರಿಯಲ್ಲುಗಳಲ್ಲಿ ತಂತಿಯನ್ನು ಸುರುಳಿ ಸುತ್ತಿ ಸರಿತೂಗಿಸುತ್ತಾರೆ. ಆದರೆ ಆ ಕೋಲು ಅರ್ಧ ಏರಿಯಲ್ ಮಾತ್ರ. ಉಳಿದರ್ಧ ಲಾರಿಯ ಕಬ್ಬಿಣದ ಮೈಯೇ. ಬುಡ ಆ ಮೈಗೆ ಗಟ್ಟಿಯಾಗಿ ತಾಗಿರಬೇಕು. ಒಂದು ಕೈಯಿಂದ ಚಪ್ಪಾಳೆಯಾಗುವುದಿಲ್ಲವಲ್ಲ! ಸೆಟ್ಟಿಗೆ ಬ್ಯಾಟರಿಯ ಸಂಪರ್ಕ ಇದೆಯೆಂದ ಮಾತ್ರಕ್ಕೆ ಏರಿಯಲ್ಲಿನ ಬುಡಕ್ಕೆ ಅದು ಸಾಲದು.

ಏರಿಯಲ್ಲಿನ ವೈರನ್ನು ಬಿಚ್ಚಿಯೇ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಕಂಬಿಯ ಬ್ರಾಕೆಟ್ಟಿಗೂ ಇನ್ನೊಂದನ್ನು ಲಾರಿಯ ಮೈಗೂ ಹಿಡಿದೆವು. (ವೈರು ಬಿಚ್ಚದಿದ್ದರೆ ಸೆಟ್ಟಿನ ಮೂಲಕ ಸುತ್ತಿ ಬಂದು ‘ಪೀಂ’ ಎಂದು ಮೋಸ ಮಾಡುತ್ತದೆ, ನೆನಪಿಡಿ.) ಸದ್ದೇ ಇಲ್ಲ! ಹೊಸ ಕಂಬಿಗೆ ದಪ್ಪ ಬಣ್ಣ, ಸೇರುವ ಜಾಗದಲ್ಲಿ ಪ್ಲಾಸ್ಟಿಕ್ಕು. “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದು ಗಾದೆಯಿದೆ. ಈ ಸಲ ಕುಣಿಯುವವರದೇನೂ ತಪ್ಪಿರಲಿಲ್ಲ, ನಿಜಕ್ಕೂ ನೆಲವೇ ಡೊಂಕಾಗಿತ್ತು!

ಬ್ರಾಕೆಟ್ಟಿನ ಕೆಳಗಿನ ಬಣ್ಣವನ್ನು ಎಮರಿ ಪೇಪರಿನಿಂದ ಉಜ್ಜಿ ಲೋಹ ಹೊಳೆಯುವಂತೆ ಮಾಡಿದೆ. ಹಲ್ಲಿನ ವಾಷರು ಹಾಕಿ ಬಿಗಿ ಮಾಡಿದರು. ಅಲ್ಲಿಂದ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಆದಷ್ಟು ಗಿಡ್ಡವಾಗಿ ಎಳೆದು ಕ್ಯಾಬಿನ್ನಿನ ಲೋಹಕ್ಕೆ ಬೋಲ್ಟು ಮಾಡಿದೆವು. ಬಾಗಿಲ ಕೀಲನ್ನು ನೆಚ್ಚುವಂತಿಲ್ಲ. ಅಲ್ಲಿ ತುಕ್ಕು, ಗ್ರೀಸು. ಬಿಗಿ ಮಾಡಿದ ಮೇಲೆ ನೀರು ತಾಗದಂತೆ ಮೇಲೆ ಬಣ್ಣ ಬಳಿದೆ. ಎಲ್ಲ ಸೇರಿ ಖರ್ಚು 8 ಡಾಲರ್!

ಈಗ ಮೀಟರು ಚಾನೆಲ್ 1ರಲ್ಲಿ 2, ಚಾನೆಲ್ 40ರಲ್ಲಿ 1.5 ತೋರಿಸಿತು. 1ರಲ್ಲಿ ಹೆಚ್ಚಿದ್ದರೆ ಏರಿಯಲ್ ಗಿಡ್ಡವಾಗಿದೆ, 40ರಲ್ಲಿ ಹೆಚ್ಚಿದ್ದರೆ ಉದ್ದವಾಗಿದೆ ಎಂದರ್ಥ. ತುದಿಯ ತಿರುಪು ಸಡಿಲಿಸಿ ಒಂದೊಂದು ಎಳ್ಳಿನಷ್ಟೇ ಮೇಲೆತ್ತಿ ನೋಡುತ್ತ ಹೋದೆವು. ಎರಡೂ ಕಡೆ 1.5ಕ್ಕೆ ಬಂದಾಗ ನಡುವಿನ 20ರಲ್ಲಿ 1.2! ಇದನ್ನು ಬಯಲಿನಲ್ಲೇ, ಲಾರಿಯ ಬಾಗಿಲು ಮುಚ್ಚಿ, ಯಾರೂ ಏರಿಯಲ್ಲಿನ ಹತ್ತಿರ ನಿಲ್ಲದೆ ಮಾಡಬೇಕು. ಯಜಮಾನರು ಲಾರಿ ತೆಗೆದುಕೊಂಡು ಹೆದ್ದಾರಿಗೆ ಹೊರಟರು. ನಾನು ಸರದಾರ್ಜಿಯವರ ಲಾರಿಯಲ್ಲಿ ಮೈಕು ಹಿಡಿದು ಕೂತೆ. ಒಂದು ಮೈಲಿ, ಎರಡು, ಮೂರು... ನಾಲ್ಕನೇ ಮೈಲಿಯಲ್ಲೂ, “ಕಾಫಿಗಿಡೇ, ಬರ್ತಿದೀನಿ” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಆ ಚಾನೆಲ್ಲಿನಲ್ಲಿದ್ದ ಲಾರಿಯವರು ಕನ್ನಡ ಕೇಳಿ ಏನೆಂದುಕೊಂಡರೋ!

ಜನವರಿಯಲ್ಲಿ ಒಂದು ಬೆಳಗಿನ ಜಾವ ಮಂಜು ಕವಿದಾಗ, ಎರಡು ಮೂರು ಮೈಲಿ ಮುಂದೆ ವಾಹನಗಳು ನಿಂತಿವೆ ಎಂದು ಯಾರೋ ಕೂಗಿ ಹೇಳಿದ್ದು ನಮ್ಮವರಿಗೆ ಕೇಳಿಸಿತು. ಮೆಲ್ಲಗೆ ವೇಗ ತಗ್ಗಿಸಿ, ಅಡ್ಡರಸ್ತೆಗೆ ಇಳಿದು ಲಾರಿ ನಿಲ್ಲಿಸಿ, ಮಂಜು ಕರಗುವ ತನಕ ಕಾದು ಹೊರಟರು. ಹೇಳಿದವರ ಹೆಸರೂ ಗೊತ್ತಿಲ್ಲ. ಅವರ ಮನೆಯಾಕೆ ನೂರು ಕಾಲ ಮುತ್ತೈದೆಯಾಗಿ ಬಾಳಲಿ ಎಂದು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಸಿ.ಬಿ. ರೇಡಿಯೋ ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ. ಆದರೆ ಟಿ.ವಿ., ಗ್ರೈಂಡರು, ಬೋರಿನ ಮೋಟಾರು ಇದ್ದೇ ಇರುತ್ತವೆ. ಕೆಟ್ಟಾಗ, “ಹಳೆಯದಾಯಿತು, ಹೊಸದು ತಗೊಳ್ಳಿ” ಎನ್ನುವವರೂ ಇದ್ದೇ ಇರುತ್ತಾರೆ. ಯಾವತ್ತಿನಿಂದ ಕೆಟ್ಟಿತು, ಅದಕ್ಕೆ ಮುಂಚಿನ ವಾರ ಏನು ಬದಲಾಯಿತು ಎಂದು ಮೊದಲು ಯೋಚಿಸಿ. ಆಗುವುದಾದರೆ ಬೇರೆ ಕಡೆ ಹಾಕಿ ನೋಡಿ. ಆಮೇಲೆ ವೈರು, ಕೀಲು, ಅರ್ತಿಂಗ್. ದುಬಾರಿ ಪೆಟ್ಟಿಗೆಯ ಸರದಿ ಕಟ್ಟಕಡೆಗೆ ಬರಲಿ. ಕರೆಂಟಿನ ಕೆಲಸಕ್ಕೆ ಮಾತ್ರ ತಿಳಿದವರನ್ನೇ ಕರೆಸಿ, ನೀವು ಪಕ್ಕದಲ್ಲಿ ನಿಂತು ಈ ಪ್ರಶ್ನೆಗಳನ್ನು ಕೇಳಿ. ಯಾವ ಏರಿಯಲ್ಲನ್ನಾಗಲಿ ಮೇಲಿನ ವಿದ್ಯುತ್ ತಂತಿಯ ಹತ್ತಿರ ಎತ್ತಬೇಡಿ. ಸಿ.ಬಿ. ಇರುವ ದೇಶದಲ್ಲಿ ನಿಮ್ಮ ಅಣ್ಣನೋ ಮಗನೋ ಲಾರಿ ಓಡಿಸುತ್ತಿದ್ದರೆ, ಏರಿಯಲ್ ಸೇರಿಸದೆ ಮೈಕಿನ ಗುಂಡಿ ಒತ್ತಬಾರದೆಂದು ಹೇಳಿ.

ಮತ್ತೆ, ರಿಪೇರಿಯ ಬಿಲ್ಲುಗಳನ್ನು ದಯವಿಟ್ಟು ಬಿಸಾಡಬೇಡಿ. ತಾರೀಖು ಕಾಣುವಂತೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡಿ.